ಏಳುಗುಂಡಿನ ಸಾಮ್ರಾಜ್ಯದ ಪ್ರಜೆಗಳು

ಹೊನ್ನಾಳಿಯ ಮಕ್ಕಳಿಗೆ ಬೇಸಿಗೆ ರಜೆ ಎಂದರೆ ಹೊಳೆ ಎಂದೇ ಅರ್ಥವಿದ್ದ ದಿನಗಳವು. ಎಲ್ಲೋ ದೂರದಲ್ಲಿ ಮಹಾಯುದ್ಧ ನಡೆದಿತ್ತು. ನಮ್ಮ ಮಟ್ಟಿಗೆ ಯುದ್ಧವೆಂದರೆ ಸೀಮೆಎಣ್ಣೆಗೆ ಸಾಲು ನಿಲ್ಲುವುದು, ಬರೆಯಲು ಕಾಗದ ಸಿಗದಿರುವುದು, ಮತ್ತು ಸಂಜೆ ಹೊತ್ತು ದೊಡ್ಡಪ್ಪನ ಮಗ ರುದ್ರಣ್ಣ ತಾತನಿಗೆ ಪತ್ರಿಕೆ ಓದಿ ಹೇಳುವುದು. ನನಗಾಗ ಹತ್ತು ವರ್ಷ, ಅವನಿಗೆ ಹದಿಮೂರು. ಅವನು ಓದುತ್ತಿದ್ದುದೆಲ್ಲ ಬರೀ ಹಡಗುಗಳ ಸುದ್ದಿ. ಯಾವ ಹಡಗು ಯಾವ ಸಮುದ್ರದಲ್ಲಿ ಯಾರ ಗುಂಡಿಗೆ ಮುಳುಗಿತು ಎಂದು ಅವನು ಕೈ ಬೀಸಿ ಓದುತ್ತಿದ್ದರೆ ತಾತ ಆಗಲೇ ಗೊರಕೆ ಹೊಡೆಯುತ್ತಿದ್ದರು.

ರುದ್ರಣ್ಣನ ಜಾತಕದಲ್ಲಿ ನೀರಿನ ಗಂಡಾಂತರವಿದೆ ಎಂದು ಯಾರೋ ಹೇಳಿದ್ದರಿಂದ ದೊಡ್ಡಮ್ಮ ಅವನನ್ನು ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಸಿರಲಿಲ್ಲ. ಹೊಳೆಯ ಪಕ್ಕದಲ್ಲೇ ಹುಟ್ಟಿ ಈಜು ಬಾರದ ಹುಡುಗ ಹೊನ್ನಾಳಿಗೆಲ್ಲ ಅವನೊಬ್ಬನೇ ಇದ್ದಿರಬೇಕು. ಅದಕ್ಕೇ ಏನೋ, ಅವನಿಗೆ ತನ್ನದೇ ಆದ ನೌಕಾಪಡೆ ಬೇಕೆನಿಸಿತು. ನೌಕಾಪಡೆ ಬೇಕಾದರೆ ಮೊದಲು ಸಾಮ್ರಾಜ್ಯ ಬೇಕಲ್ಲ? ಅದನ್ನೂ ಅವನೇ ಕಟ್ಟಿದ.

ಬೇಸಿಗೆಯಲ್ಲಿ ತುಂಗಭದ್ರೆ ಇಳಿದಾಗ ನೀರಿನಿಂದ ಏಳು ಬಂಡೆಗಳು ತಲೆ ಎತ್ತುತ್ತಿದ್ದವು. ಅವನ್ನು ನಾವು ಗುಂಡು ಎನ್ನುತ್ತಿದ್ದೆವು. ಮೊದಲ ಗುಂಡು ರಾಜಧಾನಿಯಾಯಿತು, ಎರಡನೆಯದು ಕುದುರೆ ಲಾಯ, ಆಮೆಗಳು ಬಿಸಿಲು ಕಾಯುತ್ತಿದ್ದ ಮೂರನೆಯದು ಸೆರೆಮನೆ. ಹೀಗೆ ಆರನೆಯದರವರೆಗೆ ಮೊಣಕಾಲುದ್ದದ ನೀರಿನಲ್ಲಿ ನಡೆದೇ ಹೋಗಬಹುದಿತ್ತು. ಏಳನೆಯದು ಆನೆಗುಂಡು. ಆರಕ್ಕೂ ಏಳಕ್ಕೂ ನಡುವೆ ಒಂದು ಮಡು. ನೀರು ನಿಂತಂತೆಯೇ ಇದ್ದರೂ ಆಳು ಮುಳುಗುವಷ್ಟು ಆಳ. ಹಡಗಿನ ದಂಡು ಕಟ್ಟಿ, ಅದನ್ನು ದಾಟಿ, ಆನೆಗುಂಡಿನ ಮೇಲೆ ಬಾವುಟ ಊರುವುದು ಚಕ್ರವರ್ತಿ ರುದ್ರಣ್ಣನ ಕನಸು. ಆ ಮಡುವಿನಲ್ಲಿ ಏಳು ಹೆಡೆಯ ಸರ್ಪವಿದೆ, ಅದು ಪ್ರಜೆಗಳನ್ನು ಮುಟ್ಟುವುದಿಲ್ಲ, ಪರದೇಶಿಗಳನ್ನು ಮಾತ್ರ ನುಂಗುತ್ತದೆ ಎಂದು ಮಂತ್ರಿ ತಿಪ್ಪ ಹೇಳಿದ್ದ. ತಿಪ್ಪ ನಮ್ಮ ಎದುರು ಮನೆಯ ಹುಡುಗ, ದೇವರ ಮೇಲೆ ಆಣೆ ಇಟ್ಟು ಸುಳ್ಳು ಹೇಳುವುದರಲ್ಲಿ ನಿಸ್ಸೀಮ. ಇನ್ನಿಬ್ಬರು ಹುಡುಗರು ಸೈನಿಕರು.

ಸಾಮ್ರಾಜ್ಯದ ಕಾನೂನನ್ನು ರುದ್ರಣ್ಣ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಬರೆದಿದ್ದ. ಪ್ರಜೆಯಾಗಬೇಕಾದವರು ಏಳು ಗುಂಡುಗಳ ಹೆಸರನ್ನು ಒಂದೇ ಉಸಿರಿಗೆ ಹೇಳಬೇಕು. ಇಲ್ಲಿಯ ವಿಷಯ ಮನೆಯಲ್ಲಿ ಬಾಯಿ ಬಿಡಬಾರದು. ಪ್ರಜೆಗಳ ಎದೆಯ ಮೇಲೆ ತಗಡಿನ ಬಿಲ್ಲೆ ಇರಬೇಕು. ಪ್ರಜೆಗಳಲ್ಲದವರು ಗುಂಡಿನ ಮೇಲೆ ಕಾಲಿಟ್ಟರೆ ತೆರಿಗೆ ಕೊಡಬೇಕು. ತೆರಿಗೆಯೆಂದರೆ ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ ಸೇರಿಸಿ ಕುಟ್ಟಿ ಕಡ್ಡಿಗೆ ಚುಚ್ಚಿದ ಒಂದು ಉಂಡೆ.

ಆ ತೆರಿಗೆಯನ್ನು ದಿನಾ ಕೊಡುತ್ತಿದ್ದವರು ಇಬ್ಬರೇ, ನಾನು ಮತ್ತು ಖೈರುನ್. ಖೈರುನ್ ನನ್ನ ಜೀವದ ಗೆಳತಿ. ಅವಳ ಅಪ್ಪ ಇಮಾಂಸಾಬರು ಪಾತ್ರೆಗಳಿಗೆ ಕಲಾಯಿ ಹಾಕುವವರು, ನ್ಯಾಮತಿ ಸಂತೆಗೂ ಹೋಗಿ ತಿದಿ ಊದುತ್ತಿದ್ದರು. ಪ್ರಜೆಗಳ ಬಿಲ್ಲೆಗಳೆಲ್ಲ ಅವರು ಕತ್ತರಿಸಿ ಬಿಸಾಡಿದ ಡಬ್ಬಿ ತಗಡಿನಿಂದ ಆದವು. ಒಂದೊಂದನ್ನೂ ಕಲ್ಲಿಗೆ ಉಜ್ಜಿ, ಅಂಚು ನಯ ಮಾಡಿ, ಮೊಳೆಯಲ್ಲಿ ಏಳು ಚುಕ್ಕೆ ಹೊಡೆದು ತಂದುಕೊಟ್ಟವಳು ಖೈರುನ್. ರುದ್ರಣ್ಣ ಹುಡುಗರಿಗೆಲ್ಲ ಬಿಲ್ಲೆ ತೊಡಿಸಿದ. ಮಿಕ್ಕ ಮೂರನ್ನು ಜೇಬಿಗೆ ಹಾಕಿಕೊಂಡ.

"ನಮಗೆ?" ಎಂದೆ.

"ನಿಮಗೆ ಕೊಡಾಕೆ ಬರಲ್ಲ ಗಂಗಿ" ಎಂದ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ನಾಳೆ ಮದುವೆ ಮಾಡ್ಕೊಂಡು ಎಲ್ಲೆಲ್ಲಿಗೋ ಹೋಗೋರು ನೀವು. ನಿಮ್ಮನ್ನ ಪ್ರಜೆ ಮಾಡ್ಕೊಂಡು ಸಾಮ್ರಾಜ್ಯಕ್ಕೆ ಏನು ಲಾಭ?"

"ಬಿಲ್ಲೆ ಮಾಡಿದಾಕೆ ಖೈರುನ್!"

"ಕುಶಲಕರ್ಮಿ ಅಂತ ಬರ್ಕೊಂಡೀನಿ. ಅವಳ ತೆರಿಗೇಲಿ ಅರ್ಧ ಮಾಫಿ."

ನನಗೆ ಮೈಯೆಲ್ಲ ಉರಿದುಹೋಯಿತು. ಖೈರುನ್ ಉಗುರಿನಿಂದ ಬೆರಳ ಗಾಯದ ಹಕ್ಕಳೆ ಕೀಳುತ್ತಿದ್ದಳು. ಅದು ಅದೇ ತಗಡು ಕೊಯ್ದ ಗಾಯ. ಅದನ್ನು ನೋಡಿ ನನ್ನ ಬಾಯಿಂದ ಮಾತು ಹೊರಬಿದ್ದೇಬಿಟ್ಟಿತು. "ಅಣ್ಣಾ, ನಿನ್ನ ಹಡಗಿನ ದಂಡಿಗಿಂತ ಮೊದಲು ನಾವು ಆನೆಗುಂಡಿಗೆ ಹೋಗಿ ಬಾವುಟ ಊರಿದ್ರೆ ನಮ್ಮನ್ನ ಪ್ರಜೆ ಮಾಡ್ತೀಯಾ?"

ಹುಡುಗರು ಬಿದ್ದು ಬಿದ್ದು ನಕ್ಕರು. ಚಕ್ರವರ್ತಿಗಳು ನಗುತ್ತಲೇ ಲಗ್ನಪತ್ರಿಕೆಯ ಹಿಂದೆ ಪಂಥ ಬರೆದು ಸಹಿ ಹಾಕಿದರು. ದಂಡಯಾತ್ರೆ ಮುಂದಿನ ಸೋಮವಾರ ಎಂದು ಗೊತ್ತಾಯಿತು. ನನಗೂ ಖೈರುನ್‌ಗೂ ಈಜಂತೂ ಬರುತ್ತಿರಲಿಲ್ಲ.

ಮನೆಗೆ ಬಂದು ಅಜ್ಜಿಯ ಮುಂದೆ ಗೊಳೋ ಎಂದು ಅತ್ತೆ. ಮನೆಯಲ್ಲಿ ಬಾಯಿ ಬಿಡಬಾರದು ಎಂಬ ಕಾನೂನು ಪ್ರಜೆಗಳಿಗೆ ತಾನೇ, ನನಗೇನು? ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು. ಆಮೇಲೆ ಎದ್ದು ಅಟ್ಟದ ಏಣಿ ಹತ್ತಿದಳು. ಒಲೆಯ ಹೊಗೆ ಹಿಡಿದು ಕಂದಾಗಿದ್ದ ನಾಲ್ಕು ದೊಡ್ಡ ಸೋರೆಬುರುಡೆಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಬೀಜಕ್ಕೆಂದು ಬಳ್ಳಿಯಲ್ಲೇ ಒಣಗಲು ಬಿಟ್ಟು, ಎರಡು ವರ್ಷದಿಂದ ಅಟ್ಟದಲ್ಲಿಟ್ಟಿದ್ದ ಕಾಯಿಗಳವು.

"ಆಚೆದಡದ ಹಳ್ಳಿ ನನ್ನ ತವರು" ಎಂದಳು. "ನಿನ್ನಷ್ಟು ಇದ್ದಾಗ ಬುರುಡೆ ಕಟ್ಕೊಂಡು ಈ ಹೊಳೇನ ದಾಟ್ತಿದ್ದೆ, ತಲೆ ಮೇಲೆ ನಮ್ಮಪ್ಪನ ಬುತ್ತಿ ಇಟ್ಕೊಂಡು. ಒಂದು ರೊಟ್ಟಿ ನೆನೆದಿದ್ದಿಲ್ಲ."

ಒಂದು ಬುರುಡೆಯನ್ನು ನನ್ನ ಕಿವಿಯ ಬಳಿ ಹಿಡಿದು ಅಲುಗಾಡಿಸಿದಳು. ಒಳಗೆ ಬೀಜಗಳು ಗಲಗಲ ಎಂದವು. "ಹಿಂಗೆ ಸದ್ದು ಬಂದ್ರೆ ಒಳಗೆ ಒಣಗೈತೆ ಅಂತ. ಇದಕ್ಕೆ ಸೂಜಿಮೊನೆಯಷ್ಟೂ ತೂತು ಬೀಳಬಾರದು, ತಿಳೀತಾ? ನನ್ನ ಬೀಜ ಇದರಾಗೆ ಐತೆ. ಹೆಂಗೆ ಕೊಟ್ಟೀನೋ ಹಂಗೇ ತರಬೇಕು."

ಮರುದಿನದಿಂದ ಅಜ್ಜಿಗೆ ಒಗೆಯುವ ಬಟ್ಟೆ ಇದ್ದಕ್ಕಿದ್ದಂತೆ ಜಾಸ್ತಿಯಾಯಿತು. ಅವಳು ಬಟ್ಟೆ ಕುಕ್ಕುತ್ತ ಕೂಗಿ ಹೇಳಿಕೊಡುತ್ತಿದ್ದಳು, ನಾವಿಬ್ಬರೂ ಎದೆಗೊಂದು ಬೆನ್ನಿಗೊಂದು ಬುರುಡೆ ಕಟ್ಟಿಕೊಂಡು ಕಾಲು ಬಡಿಯುತ್ತಿದ್ದೆವು. ಮೊದಲ ದಿನ ಹೊಳೆಯ ಅರ್ಧ ನೀರು ನಮ್ಮ ಹೊಟ್ಟೆಯಲ್ಲೇ ಇತ್ತು. ಮೂರನೆಯ ದಿನಕ್ಕೆ ಖೈರುನ್ ಮೀನಾದಳು. ನಾನು ಕಪ್ಪೆಯಾದೆ. ಬುರುಡೆಗೆ ಅಂಟಿದ ಹೊಗೆಯ ವಾಸನೆ ನಮ್ಮ ಕೂದಲಿಗೆಲ್ಲ ಹತ್ತಿತ್ತು, ಆ ವಾಸನೆ ನನಗೆ ಮಲ್ಲಿಗೆಗಿಂತ ಹೆಚ್ಚಾಗಿತ್ತು.

ಇತ್ತ ಹುಡುಗರೂ ಸುಮ್ಮನಿರಲಿಲ್ಲ. ಅವರೂ ಕಂಡವರ ಹಿತ್ತಲಿನಿಂದ ಆರು ಸೋರೆಕಾಯಿ ಹಾರಿಸಿ, ಮುರಿದ ಬಾಗಿಲ ಹಲಗೆಯ ಕೆಳಗೆ ಕಟ್ಟಿದ್ದರು. ಆದರೆ ಪತ್ರಿಕೆ ಓದಿದ ಚಕ್ರವರ್ತಿಗೆ ಬರೀ ತೇಲುವ ಹಡಗು ಸಾಕಾದೀತೇ? ಯುದ್ಧದ ಹಡಗಿಗೆ ಒಳಗೆ ಮದ್ದುಗುಂಡಿನ ಕೋಣೆ ಇರುತ್ತದೆ, ಕೋಣೆಗೆ ಕಿಟಕಿ ಇರುತ್ತದೆ! ಆದ್ದರಿಂದ ಪ್ರತಿ ಕಾಯಿಗೂ ಚಾಕುವಿನಿಂದ ಕಿಟಕಿ ಕೊರೆದು, ತಿರುಳು ತೆಗೆದು, ಹುಣಸೆಬೀಜದ ಗುಂಡು ತುಂಬಿ, ಕಿಟಕಿಗೆ ಹೊಳೆಯ ಜೇಡಿಮಣ್ಣು ಮೆತ್ತಿ ಬಿಸಿಲಿಗೆ ಒಣಗಿಸಿದ್ದ. ಹಡಗಿಗೆ 'ದಿಗ್ವಿಜಯ' ಎಂದು ಹೆಸರು. ನೋಡಲು ಬಲು ಚಂದವಿತ್ತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಬೆಳಿಗ್ಗೆ ಆರನೆಯ ಗುಂಡಿನ ಮೇಲೆ ಸೈನಿಕರಿಬ್ಬರು ಡಬ್ಬಿ ಬಡಿದರು. ಚಕ್ರವರ್ತಿ ಹಲಗೆಯ ಮೇಲೆ ನಿಂತು ಕತ್ತಿಯಂತೆ ಕೋಲೆತ್ತಿದ. ತಿಪ್ಪ ಹಿಂದೆ ಕೂತು ಹುಟ್ಟು ಹಾಕತೊಡಗಿದ. ನಾವು ಪಕ್ಕದಿಂದ ಮಡುವಿಗೆ ಧುಮುಕಿದೆವು. ನನ್ನ ಹಲ್ಲಿನ ನಡುವೆ ಬಾವುಟದ ಕಡ್ಡಿ ಇತ್ತು, ಹರಿದ ಕೆಂಪು ಲಂಗದ ತುಂಡು ಅದಕ್ಕೆ ಸುತ್ತಿತ್ತು. ಹುಡುಗರು ನಮಗಿಂತ ಮುಂದಿದ್ದರು. ತಿಪ್ಪ ತಿರುಗಿ ನೋಡಿ, "ಸರ್ಪ ಬಂತು! ಪರದೇಶಿಗಳನ್ನ ಹಿಡೀತೈತೆ!" ಎಂದು ಕಿರುಚಿದ. ನನಗೆ ನಿಜಕ್ಕೂ ಹೆದರಿಕೆಯಾಯಿತು, ಕಾಲಿಗೆ ಏನೋ ತಾಗಿದ ಹಾಗೂ ಆಯಿತು. ಕಣ್ಣು ಮುಚ್ಚಿ ಕಾಲು ಬಡಿದೆ.

ಅಷ್ಟರಲ್ಲಿ ಜೇಡಿಮಣ್ಣು ತನ್ನ ಗುಣ ತೋರಿಸಿತು. ಒಂದು ಕಿಟಕಿ ಕರಗಿತು, ಗುಳುಗುಳು ಎಂದಿತು. ಆಮೇಲೆ ಇನ್ನೊಂದು. ದಿಗ್ವಿಜಯ ಒಂದು ಕಡೆಗೆ ವಾಲಿ ಚಕ್ರವರ್ತಿಯನ್ನು ಕೋಲಿನ ಸಮೇತ ನೀರಿಗೆ ಚೆಲ್ಲಿತು. ತಿಪ್ಪ ಈಜಿಕೊಂಡು ಆನೆಗುಂಡಿನ ಕಡೆ ಹೊರಟ. ರುದ್ರಣ್ಣ ಒಮ್ಮೆ ಮುಳುಗಿದ, ಕೈ ಮೇಲೆ ಬಂತು, ಮತ್ತೆ ಮುಳುಗಿದ.

ದಡದಲ್ಲಿ ಅಜ್ಜಿ ಎದ್ದು ನಿಂತಿದ್ದಳು. "ಬುರುಡೆ ಕೊಡ್ರೇ! ಅವನಿಗೆ ಬುರುಡೆ ಕೊಡ್ರೇ!"

ಇಲ್ಲಿ ನಾನು ನನ್ನನ್ನು ಹೊಗಳಿಕೊಳ್ಳುವಂತಿಲ್ಲ. ಆನೆಗುಂಡು ನನಗೆ ಒಂದು ಮಾರು ದೂರವಿತ್ತು, ನಾನು ಹೋಗಿ ಅದನ್ನೇ ಹಿಡಿದುಕೊಂಡೆ. ಹಿಂದಕ್ಕೆ ತಿರುಗಿದವಳು ಖೈರುನ್. ಬೆನ್ನಿನ ಬುರುಡೆಯ ಹಗ್ಗ ಜಗ್ಗಿ ಬಿಚ್ಚಿ ರುದ್ರಣ್ಣನ ಎದೆಗೆ ದೂಡಿದಳು. "ಅಪ್ಕೊಳ್ರೀ ಚಕ್ರವರ್ತಿಗಳೇ, ಒದ್ದಾಡಬ್ಯಾಡ್ರಿ!" ಅವನು ಅದನ್ನು ತಾಯಿಯನ್ನು ತಬ್ಬಿದ ಹಾಗೆ ತಬ್ಬಿಕೊಂಡ. ಅವಳು ಕಾಲು ಬಡಿಯುತ್ತ ಅವನನ್ನು ಆನೆಗುಂಡಿಗೆ ತಂದು ಹಾಕಿದಳು. ಅಷ್ಟರಲ್ಲಿ ನಾನು ಬಂಡೆಯ ಬಿರುಕಿನಲ್ಲಿ ಬಾವುಟ ಊರಿದ್ದೆ.

ರುದ್ರಣ್ಣ ಕೆಮ್ಮಿ, ನೀರು ಕಕ್ಕಿ, ಮೂಗು ಒರೆಸಿಕೊಂಡು ಕೂತ. ಅವನ ಉಸಿರು ನೆಟ್ಟಗಾಗುವವರೆಗೆ ಕಾದು, "ಪಂಥ ಗೆದ್ದೆವು ಅಣ್ಣಾ. ನಾವೀಗ ಪ್ರಜೆಗಳು" ಎಂದೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. "ಅದು ನಡಿಯಂಗಿಲ್ಲ" ಎಂದ. "ಸಾಮ್ರಾಜ್ಯದ ಬಾವುಟಾನ ಪ್ರಜೆಗಳೇ ಊರಬೇಕು. ಊರೋ ಹೊತ್ತಿಗೆ ನೀನು ಪ್ರಜೆ ಆಗಿರಲಿಲ್ಲ. ಹಂಗಾಗಿ ಊರಿದ್ದು ಲೆಕ್ಕಕ್ಕಿಲ್ಲ."

ನನಗೆ ಅಳು ಬಂದುಬಿಟ್ಟಿತು. ಇಷ್ಟೆಲ್ಲ ಮಾಡಿ ಕೊನೆಗೆ ಇದೇ ಮಾತೇ? ಖೈರುನ್ ಜಡೆ ಹಿಂಡುತ್ತಿದ್ದವಳು ಹಿಂಡುವುದನ್ನು ನಿಲ್ಲಿಸಿದಳು.

"ಹಂಗಾ ರುದ್ರಣ್ಣಾ? ಗಂಗಿ ನಿಮ್ಮ ಪ್ರಜೆ ಅಲ್ಲ. ನಾನೂ ಅಲ್ಲ. ಸರಿ. ಅಂದ್ರೆ ಈ ಗುಂಡಿನ ಮೇಲೆ ಬಾವುಟ ಊರಿದ್ದು ಬ್ಯಾರೆ ರಾಜ್ಯದೋರು. ಇದು ನಮ್ಮ ರಾಜ್ಯ. ನೀವಿಬ್ಬರೂ ಇಲ್ಲಿ ಪರದೇಶಿಗಳು. ತೆರಿಗೆ ಕೊಡ್ರಿ."

ಖೈರುನ್ ಬುರುಡೆಯನ್ನು ತನ್ನ ಕಡೆ ಎಳೆದುಕೊಂಡಳು.

"ಮತ್ತೆ" ಎಂದಳು, "ನಿಮ್ಮ ಹಡಗು ಮುಳುಗೈತೆ. ಹಿಂದಕ್ಕೆ ಹೋಗಾಕೆ ಬುರುಡೆ ಬೇಕು. ನಮ್ಮ ರಾಜ್ಯದಾಗೆ ಬುರುಡೇನ ಪ್ರಜೆಗಳಿಗೆ ಮಾತ್ರ ಕೊಡೋದು."

ತಿಪ್ಪ ಮೊದಲು ಕೈ ಎತ್ತಿದ. "ನಾನು ನಿಮ್ಮ ಪ್ರಜೆ ಆಗ್ತೀನಿ." ಈಜು ಬರುತ್ತಿದ್ದವನಿಗೆ ಬುರುಡೆಯ ಅಗತ್ಯವೇ ಇರಲಿಲ್ಲ, ಆದರೆ ಗೆದ್ದ ಕಡೆ ಇರುವುದು ಅವನ ಹುಟ್ಟುಗುಣ. ರುದ್ರಣ್ಣ ಆರನೆಯ ಗುಂಡನ್ನು ನೋಡಿದ, ಮಡುವನ್ನು ನೋಡಿದ. ಆಮೇಲೆ ತಾನೂ ಕೈ ಎತ್ತಿದ.

ಕಾನೂನನ್ನು ಅಲ್ಲೇ ಹೊಸದಾಗಿ ಮಾಡಿದೆವು. ಕಾಗದ ಇರಲಿಲ್ಲ, ನಾನು ಹೇಳಿದೆ, ಚಕ್ರವರ್ತಿ ತಿರುಗಿ ಹೇಳಿದ. ಎರಡು ರಾಜ್ಯವೂ ಇನ್ನು ಒಂದೇ. ಖೈರುನ್ ನೌಕಾಪಡೆಯ ಅಧಿಪತಿ. ಒಮ್ಮೆ ಪ್ರಜೆಯಾದವರು ಸಾಯುವವರೆಗೂ ಪ್ರಜೆ. ಮದುವೆಯಾದರೂ, ಊರು ಬಿಟ್ಟರೂ, ಜಗಳವಾಡಿ ಮಾತು ಬಿಟ್ಟರೂ ಅದು ರದ್ದಾಗುವುದಿಲ್ಲ.

"ಪರೀಕ್ಷೇಲಿ ಫೇಲಾದ್ರೆ?" ಎಂದು ತಿಪ್ಪ ಕೇಳಿದ.

"ಆದ್ರೂ."

ತಿಪ್ಪನ ಮುಖ ಅರಳಿತು. ರುದ್ರಣ್ಣ ಒದ್ದೆ ಜೇಬಿನಿಂದ ಬಿಲ್ಲೆಗಳನ್ನು ತೆಗೆದು ಒಂದನ್ನು ಖೈರುನ್‌ಗೆ, ಒಂದನ್ನು ನನಗೆ ತೊಡಿಸಿದ. ಅಂದು ನನ್ನ ಎದೆ ಹಿಗ್ಗಿದ್ದು ಹೇಗೆಂದರೆ, ಮುಂದೆ ಮಕ್ಕಳು ಮೊಮ್ಮಕ್ಕಳು ಹುಟ್ಟಿದಾಗಲೂ ಅಷ್ಟು ಹಿಗ್ಗಿತೋ ಇಲ್ಲವೋ, ಹೇಳಲಾರೆ.

ಚಕ್ರವರ್ತಿಯನ್ನು ಬುರುಡೆಗೆ ಕಟ್ಟಿ ದಡಕ್ಕೆ ಎಳೆದು ತಂದೆವು. ಅಜ್ಜಿ ಮೊದಲು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ಸೆರಗಿನಿಂದ ತಲೆ ಒರೆಸಿದಳು. ನಾಲ್ಕೂ ಬುರುಡೆಗಳನ್ನು ಅಲುಗಾಡಿಸಿ ನೋಡಿದಳು, ನಾಲ್ಕೂ ಗಲಗಲ ಎಂದವು. ನಾವು ಹೊಸ ಕಾನೂನನ್ನು ಒಂದೇ ಉಸಿರಿಗೆ ಅವಳಿಗೆ ಒಪ್ಪಿಸಿದೆವು. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ.

"ಇನ್ನೊಂದು ಬಿಲ್ಲೆ ಐತೇನು?" ಎಂದಳು.

ರುದ್ರಣ್ಣನ ಜೇಬಿನಲ್ಲಿ ಒಂದು ಉಳಿದಿತ್ತು.

"ಈ ಊರಿಗೆ ಬಂದು ಐವತ್ತು ವರ್ಷ ಆತು. ಇನ್ನೂ ನನ್ನ ಆಚೆದಡದಾಕೆ ಅಂತಾರೆ. ತವರಿಗೆ ಹೋದ್ರೆ ಹೊನ್ನಾಳಿಯಾಕೆ ಬಂದ್ಲು ಅಂತಾರೆ. ನಿಮ್ಮ ರಾಜ್ಯದಾಗಾದ್ರೂ ನನ್ನ ಹೆಸರು ಬರ್ಕೊಳ್ರಪ್ಪಾ."

ರುದ್ರಣ್ಣ ಅಜ್ಜಿಯ ಸೆರಗಿಗೆ ಬಿಲ್ಲೆ ಸಿಕ್ಕಿಸಿದ. ಏಳು ಗುಂಡುಗಳ ಹೆಸರು ಹೇಳು ಎಂದು ಕೇಳಲೂ ಇಲ್ಲ. ಆ ಬೇಸಿಗೆಯಿಡೀ ನಮ್ಮ ನೌಕಾಪಡೆ ಮಡುವನ್ನು ದಿನಕ್ಕೆ ಹತ್ತು ಸಲ ದಾಟಿತು, ಚಕ್ರವರ್ತಿಗೆ ಈಜು ಕಲಿಸಿತು. ಮಳೆಗಾಲ ಬಂದಾಗ ಏಳು ಗುಂಡುಗಳೂ ಕೆಂಪು ನೀರಿನಲ್ಲಿ ಮುಳುಗಿದವು.

ಆಮೇಲೆ ಅಜ್ಜಿ ಹೋದಳು. ಖೈರುನ್ ನ್ಯಾಮತಿಗೆ ಸೊಸೆಯಾಗಿ ಹೋದಳು, ರುದ್ರಣ್ಣ ಚನ್ನಗಿರಿಯಲ್ಲಿ ಮೇಷ್ಟ್ರಾದ, ತಿಪ್ಪ ಎರಡು ಸಲ ಫೇಲಾಗಿ ಅಂಗಡಿ ಇಟ್ಟ. ನನ್ನನ್ನು ಜಗಳೂರಿಗೆ ಕೊಟ್ಟರು. ಅಲ್ಲಿ ಹೊಳೆಯಿಲ್ಲ, ಬಾವಿಯ ನೀರನ್ನು ಕೊಡ ಲೆಕ್ಕದಲ್ಲಿ ಸೇದುತ್ತ ಮುದುಕಿಯಾದೆ. ನಲವತ್ತು ವರ್ಷ ಬಾಳಿದರೂ ಅಲ್ಲಿಯವರಿಗೆ ನಾನು ಹೊಳೆ ಕಡೆಯಾಕೆ. ಹೊನ್ನಾಳಿಗೆ ಹೋದರೆ ತಮ್ಮನ ಮಕ್ಕಳು, "ಜಗಳೂರಿನೋರು ಬಂದ್ರು" ಎಂದು ಒಳಗೆ ಕೂಗಿ ಹೇಳುತ್ತಾರೆ. ಅಜ್ಜಿ ಅಂದು ಯಾಕೆ ನಗಲಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು.

ಈಗ ಸಾಮ್ರಾಜ್ಯದ ಪ್ರಜೆಗಳು ಒಬ್ಬೊಬ್ಬರಾಗಿ ಹೋಗಿ, ಹೋದ ವರ್ಷ ಖೈರುನ್ ಕೂಡ ಹೋಗಿ, ಉಳಿದವಳು ನಾನೊಬ್ಬಳೇ. ಏಳು ಗುಂಡುಗಳ ಹೆಸರನ್ನು ನನ್ನ ಜೊತೆ ಹೇಳುವವರು ಇನ್ನು ಯಾರೂ ಇಲ್ಲ, ಆ ನಷ್ಟ ದೊಡ್ಡದು, ಅದನ್ನು ತುಂಬುವುದು ಏನೂ ಇಲ್ಲ. ಆದರೂ ಯಾರಾದರೂ "ನೀವು ಯಾವ ಊರೋರು ಅಮ್ಮಾ?" ಎಂದು ಕೇಳಿದರೆ ನಾನು ತಡವರಿಸುವುದಿಲ್ಲ, ಏಳುಗುಂಡಿನಾಕೆ ಎನ್ನುತ್ತೇನೆ. ಒಬ್ಬಳೇ ಪ್ರಜೆ ಉಳಿದ ರಾಜ್ಯವೂ ರಾಜ್ಯವೇ, ಮತ್ತು ಅದರ ಕಾನೂನಿನಲ್ಲಿ ನಾನು ಇನ್ನೂ ಒಳಗಿನವಳು.