ಜೊನೆಲ್‌ಳ ಹೂವಿನ ಅಂಗಿ

ನಗಿ, ನಗಿ. ಮೀನಿನ ಕಥೆ ಹೇಳಿದಾಗಲೂ ಹೀಗೇ ನಕ್ಕಿದ್ದಿರಿ. ಆ ಮೀನನ್ನು ನಾನು ಒಂದು ಮೊಳ ಎಳೆದಿದ್ದೆ, ಒಪ್ಪುತ್ತೇನೆ. ಆದರೆ ಇದಕ್ಕೆ ಒಂದು ಅಂಗುಲವನ್ನೂ ಸೇರಿಸಿಲ್ಲ. ನಾಲ್ಕೂ ಗೋಡೆಗೆ ಕನ್ನಡಿ, ದಿನವಿಡೀ ಎರಡೂ ಕೈ ಮೇಲೆತ್ತಿ ಮಾಡುವ ಕೆಲಸ, ಸುತ್ತ ಕೂತಿರುವುದು ಟೆಕ್ಸಸ್‌ನಲ್ಲೇ ಅತಿ ಚೂಪಾದ ಕಣ್ಣುಗಳು. ಅಂಥ ಜಾಗದಲ್ಲಿ ಒಬ್ಬ ಹೆಂಗಸು ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ತಿಂಗಳುಗಟ್ಟಲೆ ಓಡಾಡಿದಳು, ಒಂದು ನರಪಿಳ್ಳೆಗೂ ಅದು ಕಾಣಲಿಲ್ಲ. ಗಂಡಸರಿಗೆ ಬಿಡಿ, ಅದು ಸಲೀಸು. ನಮ್ಮೂರು ಮೆಸ್ಕೀಟ್ ಬೆಂಡ್‌ನಲ್ಲಿ ಗಂಡಸು ಅಂಗಿಯೊಳಗೆ ಕರು ಬಚ್ಚಿಟ್ಟುಕೊಂಡು ಬಂದರೂ, ಬಿಯರ್ ಹೊಟ್ಟೆ ಅಂತ ಜನ ಸುಮ್ಮನಾಗುತ್ತಾರೆ. ಹೆಂಗಸಿನ ಪಾಡು ಹಾಗಲ್ಲ. ಅವಳ ಸೊಂಟವನ್ನು ಊರೇ ಅಳೆಯುತ್ತದೆ.

ಜೊನೆಲ್ ಸ್ಟಾಲ್ಕಪ್ ಊರಿನ ಒಂದೇ ಒಂದು ಬ್ಯೂಟಿ ಪಾರ್ಲರಿನ ಒಡತಿ. ನಲವತ್ತರ ಮೇಲಿನ ವಯಸ್ಸು, ಗಂಡ ಡೋಯ್ಲ್ ಎದೆನೋವಿನಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಬಿಗಿ ಜೀನ್ಸು, ಒಳಗೆ ಸಿಕ್ಕಿಸಿದ ಇಸ್ತ್ರಿ ಅಂಗಿ, ಇದು ಅವಳ ವೇಷ. ಹುಡುಗಿಯಾಗಿದ್ದಾಗಿನಿಂದ ಬದಲಾಗಿರಲಿಲ್ಲ. ಅವಳಿಗೆ ಯಾವುದಕ್ಕೂ ಹೆದರಿಕೆಯಿಲ್ಲ ಅಂತ ಊರಿನಲ್ಲಿ ಹೆಸರು. ಗಂಡನ ಶವಪೆಟ್ಟಿಗೆಯ ಮುಂದೆ ನಿಂತು ಅವನ ತಲೆಯನ್ನು ತಾನೇ ಬಾಚಿದವಳು.

ಫೆಬ್ರವರಿಯ ಒಂದು ಸಂಜೆ ಅವಳು ಕೂದಲು ಗುಡಿಸುತ್ತಿದ್ದಾಗ ಗುರುತಿಲ್ಲದವನೊಬ್ಬ ಒಳಗೆ ಬಂದ. ಬಾಗಿಲು ಹಾಕಿ, ಹಿಂದೆ ಕೈ ಮಾಡಿ ಚಿಲಕ ಜಡಿದ. ಆ 'ಟಕ್' ಶಬ್ದ ಕೇಳಿದ ಕ್ಷಣ ಜೊನೆಲ್‌ಳ ಎರಡೂ ಕೈ ಪೊರಕೆಯ ಕೋಲನ್ನು ಬಿಗಿಹಿಡಿದವು. ನಾಲ್ಕೂ ಕನ್ನಡಿಯಲ್ಲಿ ಅವನೇ ಕಂಡ, ಎತ್ತ ತಿರುಗಿದರೂ ಅವನೇ. ಅಷ್ಟರಲ್ಲಿ ಪಾದ್ರಿಯ ಹೆಂಡತಿ ವಾಂಡಾ ಫೇ ಹೊರಗಿನಿಂದ ಬಾಗಿಲು ಬಡಿಯತೊಡಗಿದಳು.

"ಜೊನೆಲ್! ನನ್ ಕನ್ನಡಕ ಅಲ್ಲೇ ಬಿಟ್ಟೆ ಕಣೇ! ಇಷ್ಟು ಬೇಗ ಯಾಕ್ ಬಾಗ್ಲು ಹಾಕ್ಕೊಂಡೆ? ತೆಗಿ, ಪಾದ್ರಿ ಕಾರಲ್ಲಿ ಕೂತು ಕುದೀತಿದಾರೆ!"

ಬಂದವನು ಚಿಲಕ ತೆಗೆದು, ವಾಂಡಾ ಫೇಗೆ ಟೋಪಿ ಎತ್ತಿ ನಮಸ್ಕಾರ ಮಾಡಿ, ಹೊರಟುಹೋದ. ಆಗಿದ್ದು ಇಷ್ಟೇ. ಏನೂ ಆಗಲಿಲ್ಲವಲ್ಲ, ಯಾರಿಗೆ ಏನಂತ ಹೇಳುವುದು? ಹೇಳಿದರೆ ಮುಂದೇನು ಅನ್ನುವುದೂ ಜೊನೆಲ್‌ಗೆ ಗೊತ್ತಿತ್ತು. ಅವಳ ಗಿರಾಕಿಗಳೆಲ್ಲ ಹೊಲ ದಾಟಿ, ದೂಳು ದಾಟಿ ಒಂಟಿಯಾಗಿ ಕಾರು ಓಡಿಸಿಕೊಂಡು ಬರುವ ಮುದುಕಿಯರು. ಜೊನೆಲ್ಲೇ ಹೆದರಿದಳು ಅಂದರೆ ಯಾರು ಬರುತ್ತಾರೆ? ಪಾರ್ಲರ್ ಮುಚ್ಚಿದ ಹಾಗೆಯೇ. ಅದನ್ನು ಬಿಟ್ಟರೆ ಅವಳಿಗೆ ಈ ಭೂಮಿಯ ಮೇಲೆ ಬೇರೆ ಏನೂ ಉಳಿದಿರಲಿಲ್ಲ.

ಅವಳು ಬಾಯಿ ಹೊಲಿದುಕೊಂಡಳು. ಪಕ್ಕದ ಜಿಲ್ಲೆಗೆ ಹೋಗಿ ತರಬೇತಿ ಮುಗಿಸಿ, ಪರವಾನಗಿ ಪಡೆದು, ಅಂಗೈಯಗಲದ ಒಂದು ಪಿಸ್ತೂಲು ತಂದಳು. ತರುವುದು ಸುಲಭವಾಗಿತ್ತು. ಆದರೆ ಅದು ಕಾಣದ ಹಾಗೆ ಯಾವ ಬಟ್ಟೆ ಹಾಕಿಕೊಳ್ಳುವುದು?

ಕೈಚೀಲದಲ್ಲಿ ಇಡಬಹುದಿತ್ತು. ಆದರೆ ಚೀಲ ಒಳಕೋಣೆಯ ಮೊಳೆಗೆ ನೇತಾಡುತ್ತಿರುತ್ತದೆ, ಕೈ ಯಾರದೋ ಕೂದಲಲ್ಲಿರುತ್ತದೆ. ಮೈಮೇಲೇ ಇರಬೇಕು. ಮೊದಲು ಡೋಯ್ಲ್‌ನ ದೊಗಳೆ ಬನಿಯನ್ ಹಾಕಿಕೊಂಡು ಮನೆಯ ಕನ್ನಡಿಯ ಮುಂದೆ ನಿಂತಳು. ನೆಲ ಒರೆಸುವ ಕೋಲನ್ನು ಕುರ್ಚಿಗೆ ಕಟ್ಟಿ, ಅದನ್ನೇ ಗಿರಾಕಿಯ ತಲೆ ಮಾಡಿಕೊಂಡು, ಅದರ ಜುಟ್ಟಿಗೆ ಸುರುಳಿ ಸುತ್ತಲು ಕೈ ಎತ್ತಿದಳು. ಬನಿಯನ್ ಕೈಯ ಜೊತೆಗೇ ಮೇಲೆ ಹೋಗಿ ಪಿಸ್ತೂಲಿನ ಹಿಡಿ ಇಣುಕಿ ನೋಡಿತು. ರೇಷ್ಮೆಯಂಥ ತೆಳು ಅಂಗಿ ಹಾಕಿದರೆ, ಒದ್ದೆ ಬಟ್ಟೆ ಹೊದಿಸಿದ ಸೌಟಿನ ಹಾಗೆ ಒಳಗಿನ ಆಕಾರವೆಲ್ಲ ಎದ್ದು ಬಂತು. ಬಿಳಿ ಅಂಗಿಯಲ್ಲಿ ನೆರಳು ಕಂಡಿತು. ಜಾಕೆಟ್ ಹಾಕೋಣವೆಂದರೆ ನಮ್ಮೂರಿನ ಬಿಸಿಲಿಗೆ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುತ್ತವೆ. ಆ ಬಿಸಿಲಿನಲ್ಲಿ ಜಾಕೆಟ್ ಹಾಕಿದವಳನ್ನು ನೇರ ಆಸ್ಪತ್ರೆಗೆ ಸೇರಿಸುತ್ತಾರೆ.

ಕೊನೆಗೆ ಒಂದು ಗುಟ್ಟು ಅವಳಿಗೆ ಹೊಳೆಯಿತು, ಕೇಳಿ. ಕಣ್ಣು ಗೆರೆಯನ್ನು ಹುಡುಕುತ್ತದೆ. ಗೆರೆಯನ್ನೇ ಕಲಸಿಬಿಟ್ಟರೆ ಕಣ್ಣಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕೆಂಪು, ಹಳದಿ, ನೀಲಿಯ ದೊಡ್ಡ ದೊಡ್ಡ ಹೂವಿನ ದಪ್ಪ ಹತ್ತಿ ಅಂಗಿ ಆರಿಸಿದಳು. ತೊಡೆಯ ತನಕ ಇಳಿಯುವಂಥದ್ದು, ಕೈ ಎತ್ತಿದರೂ ಸೊಂಟ ಬಿಡದಂಥದ್ದು. ಕೆಳಗೆ ಒಂದು ಅಳತೆ ದೊಡ್ಡ ಪ್ಯಾಂಟು, ಕುದುರೆಯ ಜೀನಿಗೆ ಹಾಕುವಷ್ಟು ಗಟ್ಟಿ ಬೆಲ್ಟು, ಹೊಕ್ಕುಳಿನ ಪಕ್ಕಕ್ಕೆ ಚರ್ಮದ ಒರೆ. ನಡೆಯುವ ರೀತಿಯನ್ನೂ ಬದಲಿಸಿಕೊಂಡಳು. ಬಿದ್ದ ಬಾಚಣಿಗೆ ಎತ್ತಲು ಬಗ್ಗುತ್ತಿರಲಿಲ್ಲ, ಮಂಡಿ ಮಡಚಿ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಅಪ್ಪಿಕೊಳ್ಳಲು ಬಂದವರಿಗೆ ಪಕ್ಕಕ್ಕೆ ವಾಲಿ ಭುಜ ಕೊಡುತ್ತಿದ್ದಳು. ಸುಮ್ಮನೆ ನಿಂತಾಗ ಒಂದು ಕೈ ಹೊಟ್ಟೆಯ ಮೇಲೆ ಇರುತ್ತಿತ್ತು.

ಎಂಥ ಜಾಣೆ ನೋಡಿ! ಪಿಸ್ತೂಲು ಮಾಯವಾಯಿತು, ನೀರಿನಲ್ಲಿ ಉಪ್ಪು ಕರಗಿದ ಹಾಗೆ. ಅದರ ಜಾಗದಲ್ಲಿ ಜನರಿಗೆ ಕಂಡದ್ದು ಏನು?

ಕೂದಲು ಒಣಗಿಸುವ, ಭೋರ್ ಎನ್ನುವ ಯಂತ್ರದ ಆ ದೊಡ್ಡ ಟೋಪಿಯ ಕೆಳಗೆ ಕೂತವರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಅಲ್ಲಿ ಗುಟ್ಟು ಹೇಳಿದರೆ ಪೆಟ್ರೋಲ್ ಬಂಕಿನ ನಾಯಿ ಕಿವಿ ನಿಮಿರಿಸುತ್ತದೆ. ವಾಂಡಾ ಫೇ ಪಕ್ಕದವಳಿಗೆ ಪಿಸುಗುಟ್ಟಿದಳು, ಅಂದರೆ ಕಿರುಚಿದಳು.

"ನೋಡಿದ್ಯಾ? ದೊಗಳೆ ಅಂಗಿ! ಬಗ್ಗೋದಿಲ್ಲ! ಹೊಟ್ಟೆ ಮೇಲಿನ ಕೈ ತೆಗ್ಯಲ್ಲ! ಐದು ಹೆತ್ತಿದೀನಿ ಕಣೇ, ನಂಗೆ ಹೇಳ್ಬೇಕಾ?"

"ಆದ್ರೆ ಡೋಯ್ಲ್ ಹೋಗಿ ಎರಡು ವರ್ಷ..."

"ಅದಕ್ಕೇ ಮೆಲ್ಲಗೆ ಮಾತಾಡ್ತಿರೋದು!"

ಜೊನೆಲ್‌ಳ ಕೈಯಲ್ಲಿದ್ದ ಕತ್ತರಿ ಗಾಳಿಯಲ್ಲೇ ನಿಂತುಬಿಟ್ಟಿತು. ಚರ್ಚಿನ ಹಾಡುಗಾರ್ತಿ, ವಿಧವೆ, ಬಸುರಿ! ಅಲ್ಲ ಅನ್ನಲು ಬಾಯಿ ತೆರೆದಳು. ಅಲ್ಲ ಅಂದರೆ, ಮತ್ತೇನು ಅಂತ ಕೇಳುತ್ತಾರೆ. ಬಾಯಿ ಮುಚ್ಚಿದಳು. ಹೆದರಿದವಳು ಅನ್ನಿಸಿಕೊಂಡರೆ ಎಲ್ಲ ಹೋಯಿತು, ಕೆಟ್ಟವಳು ಅನ್ನಿಸಿಕೊಂಡರೂ ಪಾರ್ಲರ್ ಉಳಿಯುತ್ತದೆ ಅಂತ ಲೆಕ್ಕ ಹಾಕಿದಳು. ತಂದೆ ಯಾರು ಅಂತ ಊರು ತಲೆ ಕೆಡಿಸಿಕೊಂಡಿತು. ಗ್ಯಾಸ್ ಸಿಲಿಂಡರಿನವನ ಹೆಸರು ಬಂತು, ಮೇವಿನಂಗಡಿಯವನ ಹೆಸರು ಬಂತು, ನನ್ನ ಹೆಸರೂ ಬಂತಂತೆ. ನಮ್ಮ ಮನೆಯಲ್ಲಿ ಹೆಂಡತಿ ಹಾಕಿದ್ದು ಒಂದು ವಾರ ತಣ್ಣಗಿನ ಊಟ.

ಆದರೆ ಆ ಹೆಂಗಸರಲ್ಲಿ ಒಬ್ಬಳೂ ಪಾರ್ಲರಿಗೆ ಬರುವುದನ್ನು ಬಿಡಲಿಲ್ಲ. ಬದಲಿಗೆ ಚೀಲದಲ್ಲಿ ಉಣ್ಣೆ ತಂದು, ಅವಳ ಕಣ್ಣು ತಪ್ಪಿಸಿ ಹೆಣೆಯತೊಡಗಿದರು.

ಜೂನ್‌ನ ಒಂದು ಶನಿವಾರ ಹಾಡಿನ ಅಭ್ಯಾಸವಿದೆ ಎಂದು ವಾಂಡಾ ಫೇ ಅವಳನ್ನು ಚರ್ಚಿನ ಹಾಲಿಗೆ ಕರೆದೊಯ್ದಳು. ಬಾಗಿಲು ತೆರೆದರೆ ಬಲೂನುಗಳು, ಶರಬತ್ತಿನ ದೊಡ್ಡ ಬೋಗುಣಿ, ಚೀಸ್ ಸವರಿದ ಬ್ರೆಡ್ಡು, ಮಗುವಿನ ಡಯಾಪರ್ ಪೇರಿಸಿ ಕಟ್ಟಿದ ಕೇಕಿನಂಥ ಗೋಪುರ. ಸೀಮಂತ!

ನಡುವೆ ಕೂತಿದ್ದಳು ಮಿಸ್ ಓಪಲ್. ಎಂಬತ್ತೆಂಟು ವರ್ಷ, ಜೀನ್ಸ್ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಹೊಲಿದವಳು. ರಸ್ತೆಯ ಆಚೆ ಹೋಗುವವನ ಅಂಗಿಯಲ್ಲಿ ದಾರ ಬಿಚ್ಚಿದ್ದರೆ ಈಚೆಯಿಂದಲೇ ಹೇಳುತ್ತಿದ್ದಳು. ಅವಳ ತೊಡೆಯ ಮೇಲೆ ವಸಂತಕಾಲವೆಲ್ಲ ಕೂತು ಕೈಯಲ್ಲೇ ಹೊಲಿದ ಮಗುವಿನ ಕೌದಿ ಇತ್ತು. ತುಂಡು ತುಂಡು ಬಣ್ಣ ಜೋಡಿಸಿದ ಕೌದಿ.

"ಬಾ ಮಗಾ," ಅಂದಳು ಓಪಲ್. "ಅಪ್ಪ ಯಾರಂತ ನಾವ್ಯಾರೂ ಕೇಳಲ್ಲ. ವಾಂಡಾ ಫೇ ಕೇಳ್ತಾಳೆ, ನೀನು ಹೇಳ್ಬೇಡ. ಮೊದ್ಲು ರಿಬ್ಬನ್ ಆಟ ಆಡೋಣ."

ಎಲ್ಲರೂ ಕಣ್ಣಳತೆಯಲ್ಲೇ ರಿಬ್ಬನ್ ಕತ್ತರಿಸಿಕೊಂಡರು. ಬಸುರಿಯ ಹೊಟ್ಟೆಗೆ ಸುತ್ತಿದಾಗ ಯಾರದು ಸರಿಯಾಗಿ ಕೂಡುತ್ತದೋ ಅವರು ಗೆದ್ದ ಹಾಗೆ. ಆ ಆಟದಲ್ಲಿ ಓಪಲ್‌ಳನ್ನು ಸೋಲಿಸಿದವರು ಹುಟ್ಟಿರಲಿಲ್ಲ. ಅವಳು ರಿಬ್ಬನ್ ಹಿಡಿದು ಎದ್ದು ಬಂದಳು. ರಿಬ್ಬನ್ ಬೆನ್ನಿನ ಹಿಂದಿನಿಂದ ಬಳಸಿ ಬಂತು, ಪಕ್ಕೆಗೆ ಬಂತು. ಮುದಿ ಬೆರಳು ಹೂವಿನ ಅಂಗಿಯ ಮೇಲೆ ಇಷ್ಟಿಷ್ಟೇ ಜರುಗಿತು. ಜೊನೆಲ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡಿ, ಮಿಸ್ ಓಪಲ್. ಅಲ್ಲಿರೋದು ಮಗು ಅಲ್ಲ."

ಓಪಲ್ ಅವಳ ಮುಖ ನೋಡಿದಳು. "ಗಡ್ಡೆನಾ, ಮಗಾ?"

"ಪಿಸ್ತೂಲು."

ಆಮೇಲೆ ಜೊನೆಲ್ ಎಲ್ಲವನ್ನೂ ಹೇಳಿದಳು. ಆ ಗಂಡಸು, ಚಿಲಕದ ಟಕ್, ಕನ್ನಡಿಗಳು. "ನಂಗೆ ಭಯ ಕಣ್ರೇ. ಬಾಗ್ಲು ತೆಗೆದಾಗಲೆಲ್ಲ ಭಯ. ನಿಮ್ಗೆ ಗೊತ್ತಾದ್ರೆ ನೀವು ಬರೋದು ನಿಲ್ಲಿಸ್ತೀರ ಅಂತ ಹೇಳಲಿಲ್ಲ."

ವಾಂಡಾ ಫೇ ಕುರ್ಚಿಯ ಮೇಲೆ ಕುಸಿದು ಕೂತಳು. "ನಾನು ಕನ್ನಡಕಕ್ಕೆ ಬಂದಿದ್ದೆನಲ್ಲ, ಆವತ್ತಾ? ಅವ್ನು ನಂಗೆ ಟೋಪಿ ಎತ್ತಿದ. ಎಷ್ಟು ಮರ್ಯಾದಸ್ಥ ಅಂದ್ಕೊಂಡೆ! ಅಯ್ಯೋ ದೇವ್ರೆ, ಜೊನೆಲ್! ಅದರ ಮೇಲೆ ನಾನು ನಿನ್ನ ಬಸುರಿ ಅಂತ ಬೇರೆ..."

"ನೀನು ಬಾಗ್ಲು ಬಡಿದೆಯಲ್ಲ ವಾಂಡಾ, ಸಾಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಜೊನೆಲ್ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು. ಆಗ ಓಪಲ್ ಕೈ ಚಾಚಿದಳು.

"ಯಾರಾದ್ರೂ ಕತ್ತರಿ ಕೊಡಿ."

ಕತ್ತರಿ ಬಂತು. ಅವಳು ಕೌದಿಯನ್ನು ಮೇಜಿನ ಮೇಲೆ ಹರವಿ, ಅಂಗೈಯಿಂದ ಒಮ್ಮೆ ಸವರಿ, ನಡುವಿಗೇ ಕತ್ತರಿ ಹಾಕಿದಳು. ಕೈಯಲ್ಲಿ ಹೊಲಿದ ಕೌದಿ! ನಮ್ಮೂರಿನಲ್ಲಿ ಮನೆಗೆ ಬೆಂಕಿ ಬಿದ್ದರೆ ಗಂಡನಿಗಿಂತ ಮೊದಲು ಕೌದಿಯನ್ನು ಹೊರಗೆ ತರುತ್ತಾರೆ. ಮುಗಿದ ಕೌದಿಗೆ ಕತ್ತರಿ ಹಾಕಿದವರನ್ನು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

"ಅಂಗಿ ಆರಿಸಿರೋದು ಪರವಾಗಿಲ್ಲ ಕಣೇ," ಅಂದಳು ಓಪಲ್, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. "ಆದ್ರೆ ದಿನಾ ಬೇರೆ ಥರ ಉಡ್ತಿದ್ದೋಳು ಒಂದಿನ ಇದನ್ನ ಹಾಕ್ಕೊಂಡು ಬಂದ್ರೆ ಊರು ನೋಡಲ್ವಾ? ಬಟ್ಟೆ ಬಚ್ಚಿಡ್ತು, ಬದಲಾವಣೆ ತೋರಿಸ್ತು. ನಿನ್ನ ಹಳೇ ಅಂಗಿನೇ ಹಾಕ್ಕೋ. ಮೇಲೆ ಕೆಲಸದ ಏಪ್ರನ್. ಕೂದಲು ಕತ್ತರಿಸೋಳು ಏಪ್ರನ್ ಹಾಕಿದ್ರೆ ಯಾವನು ತಿರುಗಿ ನೋಡ್ತಾನೆ? ಒಳಗೆ ಈ ಕೌದಿ ಅಸ್ತರು ಕೊಡ್ತೀನಿ. ದಪ್ಪ ಇದೆ, ಒಂದು ಗೆರೆನೂ ಹೊರಗೆ ಮೂಡಲ್ಲ. ನಿಂತ್ಕೋ ಸರಿಯಾಗಿ. ಈಗ ಅಳತೆ ತಗೊಳ್ತೀನಿ, ಪಿಸ್ತೂಲು ಇರೋ ಹಾಗೇ."

ಹೆಣೆದದ್ದನ್ನು ಪಕ್ಕಕ್ಕಿಟ್ಟು ಎಲ್ಲರೂ ಸೂಜಿಗೆ ದಾರ ಪೋಣಿಸಿದರು. ಅಂಚಿಗೆ ಭಾರ ಇರಬೇಕು, ಗಾಳಿಗೆ ಹಾರಬಾರದು ಅಂತ ಒಬ್ಬಳು. ಜೇಬು ಎಲ್ಲಿರಬೇಕು ಅಂತ ಇಬ್ಬರು ಜಗಳ. ಹೆದರಬೇಡ ಅಂತ ಮಾತ್ರ ಯಾರೂ ಅನ್ನಲಿಲ್ಲ.

ಸೋಮವಾರ ಸಂಜೆ ಗುಡಿಸುವ ಹೊತ್ತಿಗೆ ವಾಂಡಾ ಫೇ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. "ಪಾದ್ರಿ ಗೊರಕೆ ಹೊಡೀತಿದಾರೆ, ಇಲ್ಲಿ ಶಾಂತವಾಗಿದೆ," ಅಂದಳು. ಮಂಗಳವಾರ ಇನ್ನೊಬ್ಬಳು. ಅಲ್ಲಿಂದ ಮುಂದೆ ಮುಚ್ಚುವ ಹೊತ್ತಿನಲ್ಲಿ ಆ ಕುರ್ಚಿ ಖಾಲಿ ಇದ್ದದ್ದನ್ನು ಯಾರೂ ಕಂಡಿಲ್ಲ.

ಅವನು ಮತ್ತೆ ಬಂದ. ಹೌದು, ಬೇಸಿಗೆ ಕಳೆದ ಮೇಲೆ, ಅದೇ ಹೊತ್ತಿಗೆ. ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟ. ಆವತ್ತು ಓಪಲ್‌ಳ ಸರದಿ, ತಲೆ ತುಂಬ ಸುರುಳಿ, ಕೈಯಲ್ಲಿ ಹೆಣಿಗೆಯ ಕಡ್ಡಿ. ಜೊತೆಗೆ ಇನ್ನಿಬ್ಬರು. ಆದರೆ ನಾಲ್ಕೂ ಗೋಡೆಗೆ ಕನ್ನಡಿಯಲ್ಲವೇ? ಎತ್ತ ತಿರುಗಿದರೂ ಮುದುಕಿಯರು, ಮುದುಕಿಯರ ಹಿಂದೆ ಮುದುಕಿಯರು, ಒಂದು ದಂಡು, ಎಲ್ಲರೂ ಅವನನ್ನೇ ದಿಟ್ಟಿಸುತ್ತಿದ್ದಾರೆ.

"ಚಿಲಕ ಹಾಕ್ಬೇಡಪ್ಪ," ಅಂದಳು ಓಪಲ್, ಹೆಣಿಗೆ ನಿಲ್ಲಿಸದೆ. "ನಮ್ಮೋರು ಇನ್ನೂ ಬರೋರಿದಾರೆ."

ಅವನು ಹೋದ. ಟೋಪಿ ಎತ್ತುವುದನ್ನೂ ಮರೆತು ಹೋದ. ಜೊನೆಲ್‌ಳ ಕೈ ಸೊಂಟದ ಕಡೆ ಹೋಗಲೇ ಇಲ್ಲ. ಸುರುಳಿ ಹಿಡಿದಿದ್ದ ಕೈ ಸುರುಳಿಯನ್ನೇ ಹಿಡಿದಿತ್ತು. ಕೂದಲು ಸುತ್ತಿ ಮುಗಿಸಿದಳಂತೆ.

ಅಯ್ಯೋ, ನೀವು ಈಗ ನಗುತ್ತಿಲ್ಲವಲ್ಲ? ಪಿಸ್ತೂಲು ಇನ್ನೂ ಇದೆಯೋ ಅಂತ ಕೇಳುತ್ತೀರಿ. ತಿಂಗಳಿಗೊಮ್ಮೆ ಅವಳ ಮುಂದೆ ತಲೆ ಕೊಟ್ಟು ಕೂರುತ್ತೇನೆ, ನಾಲ್ಕೂ ಕನ್ನಡಿಯಲ್ಲಿ ಅವಳ ಏಪ್ರನ್ ನೋಡುತ್ತೇನೆ. ಕಾಣುವುದು ಏಪ್ರನ್ ಒಂದೇ. "ತಲೆ ಅಲ್ಲಾಡಿಸ್ಬೇಡ ಮುದುಕಪ್ಪ, ಕಿವಿ ಹೋಗುತ್ತೆ," ಅನ್ನುತ್ತಾಳೆ. ಆದರೆ ಹೋದ ತಿಂಗಳು ಬಾಚಣಿಗೆ ಬಿತ್ತು. ಎತ್ತಲು ಅವಳು ಕುಕ್ಕರಿಸಲಿಲ್ಲ, ಪಿಸ್ತೂಲು ಬರುವುದಕ್ಕೆ ಮುಂಚಿನ ಹಾಗೆ ಸಲೀಸಾಗಿ ಸೊಂಟ ಬಗ್ಗಿಸಿ...

"ಏಯ್! ಬೀನ್ಸ್ ಆರಿಹೋಗ್ತಿದೆ! ಬರ್ತೀಯೋ, ಇಲ್ಲ ಮತ್ತೆ ಒಂದು ವಾರ ತಣ್ಣಗಿನ ಊಟ ಹಾಕ್ಲೋ?"

ಬಂದೆ ಕಣೇ, ಬಂದೆ.