ಬಾಳೆಕಂಬ ಕಟ್ಟಿಸಿದವನು

ನನ್ನ ಅಕ್ಷರ ಮುತ್ತಿನಂತಿತ್ತು. ಇದನ್ನು ನಾನೇ ಹೇಳಿಕೊಳ್ಳುವುದು ಜಂಬವೆನಿಸಬಹುದು, ಹೌದು, ಜಂಬವೇ. ಆ ಜಂಬ ಏನು ಮಾಡಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಂಡರಗಿ ತಾಲೂಕಿನ ಒಂದು ಸಣ್ಣ ಊರಿನಲ್ಲಿ ಶಾಲೆಯ ಮುಖ್ಯ ಮಾಸ್ತರನಾಗಿದ್ದೆ. ಡಂಬಳದ ಕೆರೆಯ ಏರಿ ದಾಟಿ ಒಂದು ತಾಸು ನಡೆದರೆ ಆ ಊರು. ಮುಖ್ಯ ಮಾಸ್ತರ ಅಂದರೆ ದೊಡ್ಡ ಪದವಿಯೇನಲ್ಲ, ಶಾಲೆಯಲ್ಲಿ ಇದ್ದ ಮಾಸ್ತರರೇ ಇಬ್ಬರು.

ಮಣ್ಣಿನ ಮಾಳಿಗೆ ಹೊತ್ತ ಒಂದೇ ಒಂದು ಉದ್ದನೆಯ ಕೋಣೆ ನಮ್ಮ ಶಾಲೆ. ನಡುವಿನ ತೊಲೆ ಗೆದ್ದಲು ತಿಂದು ಬಾಗಿತ್ತು. ಅದು ಮಕ್ಕಳ ಮೇಲೆ ಬೀಳದಿರಲೆಂದು ಊರಿನ ಗೌಂಡಿ ಕಾಕಾ ಕೋಣೆಯ ನಟ್ಟನಡುವೆ ಜಾಲಿಮರದ ಒಂದು ಕಂಬ ನಿಲ್ಲಿಸಿ ಆಸರೆ ಕೊಟ್ಟಿದ್ದ. ಅವನು ಮುಸಲ್ಮಾನರ ಮನೆತನದವನು. ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ತನಕ ಹೋಗಿ ಗೋಡೆ ಕಟ್ಟಿ ಬಂದ ಕೈ. ಅವನ ಮೊಮ್ಮಗಳು ಎರಡನೇ ಇಯತ್ತೆಯಲ್ಲಿದ್ದಳು. ದಿನಾ ಆ ಕಂಬಕ್ಕೇ ಬೆನ್ನು ಕೊಟ್ಟು ಕೂತು ಮಗ್ಗಿ ಹೇಳುತ್ತಿದ್ದಳು.

"ಮಾಸ್ತರ, ಇದು ಕಂಬ ಅಲ್ರಿ, ವಾಯಿದೆ," ಅನ್ನುತ್ತಿದ್ದ ಕಾಕಾ. "ಎರಡ ಮಳಿಗಾಲ ತಡದ್ರ ದೊಡ್ಡದು."

ನಾನು ಅರ್ಜಿ ಬರೆದೆ. ಮತ್ತೆ ಬರೆದೆ. ಅರ್ಜಿಗಳು ಹೋದವು, ಉತ್ತರ ಬರಲಿಲ್ಲ. ಕೊನೆಗೆ ಕಾಕಾನೇ ಒಂದು ದಿನ ಮುಂಡರಗಿಗೆ ಹೋಗಿ, ಅಲ್ಲಿಗೆ ಬಂದಿದ್ದ ಶಾಸಕರನ್ನು ಹಿಡಿದ. ಅವರು ವಿರೋಧ ಪಕ್ಷದವರು. ಹೇಗೆ ಒಪ್ಪಿಸಿದನೋ ಏನೋ, ಅವರನ್ನು ಶಾಲೆಗೇ ಕರೆತಂದ. ಶಾಸಕರು ಒಳಗೆ ಬಂದು ತಲೆಯೆತ್ತಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಇದನ್ನ ಸದನದಾಗ ಕೇಳೂನು," ಎಂದರು.

ಅವರು ಮಾತಿಗೆ ತಪ್ಪಲಿಲ್ಲ. ಶಾಲೆಯ ಕಟ್ಟಡ ಶಿಥಿಲವಾಗಿರುವುದು ನಿಜವೇ, ನಿಜವಾದರೆ ಹೊಸದಕ್ಕೆ ಹಣ ಯಾವಾಗ ಒದಗಿಸಲಾಗುವುದು ಎಂದು ಮಂತ್ರಿಗಳಿಗೆ ಪ್ರಶ್ನೆ ಹೋಯಿತು. ಮಂತ್ರಿಗಳು ಉತ್ತರ ಕೊಡಬೇಕಾದರೆ ಕೆಳಗಿನ ಕಚೇರಿಯಿಂದ ವರದಿ ಹೋಗಬೇಕು. ವರದಿ ಹೋಗಬೇಕಾದರೆ ಯಾರಾದರೂ ಬಂದು ನೋಡಬೇಕು. ಹಾಗೆ ಒಬ್ಬ ಸಾಹೇಬರು ಜೀಪಿನಲ್ಲಿ ಬರುತ್ತಾರೆಂದು ಮೂರು ದಿನ ಮೊದಲು ಚೀಟಿ ಬಂತು.

ಅಯ್ಯೋ, ಆ ಮೂರು ದಿನ! ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಊರಿಗೆ ಅಂಥ ಅಧಿಕಾರಿ ಬರುತ್ತಿರುವುದು ಅದೇ ಮೊದಲು. ನಮ್ಮ ಕಡೆ ಬಾಗಿಲಿಗೆ ಬಂದವರನ್ನು ಬರಿಗೈಲಿ ಬರಮಾಡಿಕೊಳ್ಳುವ ರೂಢಿಯಿಲ್ಲ. ಹಿರಿಯರು ಶಾಲೆಗೆ ಸುಣ್ಣ ಹಚ್ಚಿಸಿದರು, ಅಂಚಿಗೆ ಕೆಮ್ಮಣ್ಣು ಬಳಿಸಿದರು. ಗೌಡರ ಮನೆಯ ಜಮಖಾನ ಬಂತು. ಮೇಲಿನಿಂದ ಉದುರುವ ಮಣ್ಣು ಸಾಹೇಬರ ತಲೆಯ ಮೇಲೆ ಬೀಳಬಾರದೆಂದು, ಮದುವೆ ಚಪ್ಪರದ ಬಿಳಿ ಬಟ್ಟೆಯನ್ನು ತೊಲೆಯ ಕೆಳಗೆ ಅಡ್ಡಲಾಗಿ ಬಿಗಿಸಿದೆವು. ಉಳಿದದ್ದು ಆ ಜಾಲಿಯ ಕಂಬ. ಎಲ್ಲ ಝಗಝಗ ಎನ್ನುವಾಗ ಅದೊಂದು ನಡುವೆ ಕರ್ರಗೆ, ಡೊಂಕಾಗಿ ನಿಂತಿತ್ತು.

"ಇದಕ್ಕ ಬಾಳಿಕಂಬ ಕಟ್ರಿ, ಮಂಟಪ ಆಕ್ಕೈತಿ," ಎಂದವನು ನಾನು.

ಕಾಕಾ ತಡೆದ. "ಬ್ಯಾಡ್ರಿ ಮಾಸ್ತರ. ಸಾಹೇಬ್ರು ನೋಡಬೇಕಾದ್ದು ಇದನ್ನ ಒಂದನ್ನ. ಇದನ್ನ ಮುಚ್ಚಿದ್ರ ಅವರು ಬಂದು ನೋಡೂದೇನೈತಿ?"

"ನೀ ಸುಮ್ಮನಿರು ಕಾಕಾ. ಬಂದವರ ಮುಂದ ಹರಕ ತೋರಸ್ತಾರೇನ? ಊರ ಮಾನ ಅನ್ನೂದು ಒಂದೈತಿ. ಸಾಹೇಬ್ರು ಖುಷಿಯಾದ್ರ ಕಟ್ಟಡ ತಾನ ಬರತೈತಿ."

"ಖುಷಿಯಾದ ಮನಶ್ಯಾ ಮ್ಯಾಲ ನೋಡೂದಿಲ್ರಿ," ಎಂದ ಕಾಕಾ.

"ಮಾಸ್ತರ ನಾನೋ ನೀನೋ?" ಎಂದು ನಾನು ರೇಗಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. ಅವನು ಹೆಗಲ ಮೇಲಿನ ಟವೆಲ್ ಕೊಡವಿ ಹೊರಗೆ ಹೋದ. ನಾನು ನಿಂತು ಬಾಳೆಕಂಬ ಕಟ್ಟಿಸಿದೆ, ಚೆಂಡುಹೂ ಸುತ್ತಿಸಿದೆ. ನೋಡಲು ಬಹಳ ಚಂದವಾಗಿತ್ತು.

ಸಾಹೇಬರು ಬಂದರು. ಹುಡುಗಿಯರು ಸ್ವಾಗತದ ಹಾಡು ಹೇಳಿದರು. ನಾನು ಮೂರು ಬಣ್ಣದ ಮಸಿಯಲ್ಲಿ ಬರೆದ ಮಾನಪತ್ರವನ್ನು ರಾಗವಾಗಿ ಓದಿದೆ. "ನಮ್ಮ ಜ್ಞಾನಮಂದಿರದ ವೈಭವವನ್ನು ತಾವು ಕಣ್ಣಾರೆ ಕಂಡು ಸಂತೋಷಪಟ್ಟಿದ್ದು ಈ ಗ್ರಾಮದ ಭಾಗ್ಯ" ಎಂದು ಅದರಲ್ಲಿತ್ತು. ಅವರಿನ್ನೂ ಏನನ್ನೂ ಕಾಣುವ ಮೊದಲೇ ಬರೆದದ್ದು ಅದು! ಆಮೇಲೆ ಹೋಳಿಗೆ, ಸಜ್ಜಿ ರೊಟ್ಟಿ, ಎಣ್ಣೆಗಾಯಿ. ಕೈ ತೊಳೆಯುತ್ತ ಸಾಹೇಬರು, "ಏನ್ರಿ ಮಾಸ್ತರ, ಮಾಳಗಿ ಹಾಳಾಗೈತಿ ಅಂತಲ್ಲ?" ಎಂದು ಕೇಳಿದರು. ಕೇಳಿದ್ದರು, ಅದು ಖರೆ. ನಾನೇ ನಕ್ಕು, "ತಮ್ಮ ಪಾದ ಬಿತ್ತಲ್ರಿ, ಇನ್ನ ಎಲ್ಲಾ ಸರಿ ಹೋಗತೈತಿ," ಎಂದೆ. ವಿನಯದ ಮಾತೆಂದು ಆಡಿದೆ. ಅವರು ಮಾನಪತ್ರ ಸುತ್ತಿಕೊಂಡು ಜೀಪು ಹತ್ತಿದರು.

ಪ್ರಶ್ನೆ ಸದನಕ್ಕೆ ಬರುವ ದಿನ ಶಾಸಕರು ನನಗೂ ಕಾಕಾನಿಗೂ ಒಳಗೆ ಹೋಗುವ ಪಾಸು ಕೊಡಿಸಿದರು. ಗದಗಿನಲ್ಲಿ ರೈಲು ಹತ್ತಿ ಬೆಂಗಳೂರು ಮುಟ್ಟಿದೆವು. ಕಾಕಾ ಹಬ್ಬದ ಶರ್ಟು ಹಾಕಿದ್ದ. ಕೈಚೀಲದಲ್ಲಿ ಗೆದ್ದಲು ತಿಂದ ತೊಲೆಯ ಗೇಣುದ್ದದ ಚೂರೊಂದನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದ. "ಮಂತ್ರಿಗೋಳು ನಂಬದಿದ್ರ ತೋರಸೂನ್ರಿ," ಎಂದ. ಬಾಗಿಲಲ್ಲಿ ಕಾವಲಿನವನು ಅದನ್ನೂ ತಂಬಾಕಿನ ಚೀಲವನ್ನೂ ಇಸಿದುಕೊಂಡು ಒಂದು ಬಿಲ್ಲೆ ಕೊಟ್ಟ. ಅದನ್ನು ಕಾಕಾ ಮುಷ್ಟಿಯಲ್ಲಿ ಹಿಡಿದೇ ಒಳಗೆ ಬಂದ.

ಗ್ಯಾಲರಿಯಲ್ಲಿ ಕೆಮ್ಮುವುದಕ್ಕೂ ಅಂಜಿಕೆ. ಕೆಳಗೆ ಸಭಾಧ್ಯಕ್ಷರು ಪ್ರಶ್ನೆಯ ಸಂಖ್ಯೆ ಕೂಗಿದರು. ನಮ್ಮ ಶಾಸಕರು ಎದ್ದರು. ಮಂತ್ರಿಗಳು ಎದ್ದು, ಕಟ್ಟಡ ಸುಸ್ಥಿತಿಯಲ್ಲಿದೆ, ಆದ್ದರಿಂದ ಹಣ ಒದಗಿಸುವ ಪ್ರಶ್ನೆ ಉದ್ಭವಿಸುವುದಿಲ್ಲ ಎಂದರು. ಶಾಸಕರು ಬಿಡಲಿಲ್ಲ. "ನಾನು ಕಣ್ಣಾರೆ ನೋಡಿದ್ದೇನೆ. ನಡುವೆ ಕಂಬ ಕೊಟ್ಟು ಮಾಳಿಗೆ ನಿಲ್ಲಿಸಿದ್ದಾರೆ. ನಿಮ್ಮ ಅಧಿಕಾರಿ ಅಲ್ಲಿಗೆ ಹೋಗಿದ್ದರೋ, ಮನೆಯಲ್ಲೇ ಕೂತು ಬರೆದರೋ?" ಎಂದು ಗುಡುಗಿದರು.

ಮಂತ್ರಿಗಳು ಸಿಟ್ಟಾಗಲಿಲ್ಲ. ಕಾಗದವೊಂದನ್ನು ಎತ್ತಿ ಹಿಡಿದರು. "ಹೋಗಿದ್ದರು. ಅಲ್ಲಿರುವುದು ಶೃಂಗರಿಸಿದ ಮಂಟಪವೆಂದು ಬರೆದಿದ್ದಾರೆ. ಊರವರೇ ಕೊಟ್ಟ ಮಾನಪತ್ರ ನನ್ನ ಬಳಿ ಇದೆ, ಓದುತ್ತೇನೆ," ಎಂದು ಓದಿದರು. ಜ್ಞಾನಮಂದಿರದ ವೈಭವ. ಗ್ರಾಮದ ಭಾಗ್ಯ. ನನ್ನ ಮೂರು ಬಣ್ಣದ ಅಕ್ಷರ ಆ ದೊಡ್ಡ ಸಭೆಯಲ್ಲಿ ಧ್ವನಿವರ್ಧಕದಿಂದ ಕೇಳಿಬಂತು. ಒಂದಿಬ್ಬರು ನಕ್ಕರು. ನಮ್ಮ ಶಾಸಕರು ತಲೆಯೆತ್ತಿ ಗ್ಯಾಲರಿಯ ಕಡೆ ನೋಡಿ ಕುಳಿತರು. ಅಷ್ಟರಲ್ಲಿ ಸಭಾಧ್ಯಕ್ಷರು ಮುಂದಿನ ಸಂಖ್ಯೆ ಕೂಗಿಯಾಗಿತ್ತು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕಾಕಾ ನನ್ನನ್ನು ಬೈಯಲಿಲ್ಲ. ಹೊರಗೆ ಬಂದು ಬಿಲ್ಲೆ ಕೊಟ್ಟು ತೊಲೆಯ ಚೂರನ್ನು ಮರಳಿ ಇಸಿದುಕೊಂಡ. "ನಡೀರಿ ಮಾಸ್ತರ, ಗಾಡಿ ತಪ್ಪೀತು," ಎಂದಷ್ಟೇ ಅಂದ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಊರಿಗೆ ಬಂದವನೇ ದುರಸ್ತಿಗಾದರೂ ಹಣ ಕೊಡಿರೆಂದು ಕಚೇರಿಗೆ ಓಡಿದೆ. ಅಲ್ಲಿನ ಗುಮಾಸ್ತ ಒಳ್ಳೆಯವನೇ. ದನಿ ತಗ್ಗಿಸಿ, "ಕುಂಡ್ರಿ ಮಾಸ್ತರ. ಸುಸ್ಥಿತಿ ಅಂತ ಸದನದಾಗ ಉತ್ತರ ಹೋಗೈತಿ. ಈಗ ದುರಸ್ತಿ ಅಂತ ಬರದ್ರ, ಮಂತ್ರಿಗಳು ಸುಳ್ಳ ಹೇಳ್ಯಾರ ಅಂದಂಗ ಆತು. ಯಾವ ಸಾಹೇಬ್ರು ಸಹಿ ಮಾಡ್ತಾರ ಹೇಳ್ರಿ?" ಎಂದ. ಮೇಲೆ ಥಳಕು, ಒಳಗೆ ಹುಳುಕು ಎನ್ನುತ್ತಾರೆ; ಆ ಥಳಕು ಈಗ ಸರಕಾರದ ದಾಖಲೆಯಾಗಿತ್ತು.

ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕೂರಿಸಿದೆವು. ಮಳೆ ಹಿಡಿದ ಮೇಲೆ ಅದೂ ಆಗಲಿಲ್ಲ. ಆಗ ಕಾಕಾ ಲಕ್ಷ್ಮೇಶ್ವರದಲ್ಲಿ ತಾನು ಕೆಡವುತ್ತಿದ್ದ ಹಳೆಯ ಮನೆಯೊಂದರಿಂದ ಗಟ್ಟಿ ತೊಲೆ ಬೇಡಿ, ಚಕ್ಕಡಿಯಲ್ಲಿ ಹೇರಿಕೊಂಡು ಬಂದ. ಒಂದು ರವಿವಾರ ಬೆಳಿಗ್ಗೆ, ಮಕ್ಕಳಿಲ್ಲದ ಹೊತ್ತಿನಲ್ಲಿ, ಆ ತೊಲೆ ಏರಿಸಲು ನಿಂತ. ನಿಚ್ಚಣಿಕೆ ಹಿಡಿದವನು ನಾನು. ನೆನೆದ ಮಾಳಿಗೆ ಎಷ್ಟು ಭಾರವಿತ್ತೋ! "ಸರೀರಿ ಮಾಸ್ತರ!" ಎಂದು ಕೂಗಿ ಅವನು ನನ್ನನ್ನು ಕಾಲಿನಿಂದ ಒದ್ದ. ನಾನು ಬಾಗಿಲ ಕಡೆಗೆ ಉರುಳಿದೆ, ಹಿಂದೆಯೇ ಮಾಳಿಗೆಯ ನಡುಭಾಗ ಕುಸಿಯಿತು. ಮಣ್ಣಿನ ಧೂಳು ಇಳಿದಾಗ ಅವನು ಕೂತಿದ್ದ. ಬಲಗೈ ಮಾತ್ರ ಗೆದ್ದಲು ತಿಂದ ಆ ಹಳೆಯ ತೊಲೆಯ ಕೆಳಗಿತ್ತು. ಗದಗಿನ ಆಸ್ಪತ್ರೆಯಲ್ಲಿ ಅದನ್ನು ಮಣಿಕಟ್ಟಿನ ಮೇಲೆ ತೆಗೆದರು. ಗಾರೆ ಬಳಿಯುವ ಕರಣಿ ಹಿಡಿದ ಕೈ ಅದು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಶಾಸಕರು ಮುಂದಿನ ಅಧಿವೇಶನದಲ್ಲಿ ಮತ್ತೆ ಪ್ರಶ್ನೆ ಹಾಕಿದರು. ವಿವರ ಕೊಡಿರೆಂದು ಕಚೇರಿಯ ಕಾಗದ ಈ ಸಲ ನೇರ ನನಗೇ ಬಂತು. ಗೌಂಡಿಯೊಬ್ಬರು ಕೈ ಕಳೆದುಕೊಂಡಿದ್ದು ನಿಜವೇ? ಕಟ್ಟಡ ಸುಸ್ಥಿತಿಯಲ್ಲಿದೆಯೆಂದು ಸದನಕ್ಕೆ ತಿಳಿಸಲು ಕಾರಣವೇನು? ಇದಕ್ಕೆ ಹೊಣೆಗಾರರು ಯಾರು? ನೌಕರಿ ಹೋದರೇನು ಗತಿ ಎಂದು ಎರಡು ದಿನ ಕಾಗದ ಮುಂದಿಟ್ಟುಕೊಂಡು ಕೂತೆ. ನನ್ನಾಕೆ ರೊಟ್ಟಿ ಬಡಿಯುತ್ತಲೇ, "ಬರೀರಿ. ಬರೀದಿದ್ರ ಜನ್ಮ ಇರೂತನ ಮನಿ ಮಂದೀನ ಕಾಡ್ತೀರಿ," ಎಂದಳು. ಬರೆದೆ. ಒಂದೇ ಬಣ್ಣದ ಮಸಿಯಲ್ಲಿ, ಇದ್ದದ್ದು ಇದ್ದ ಹಾಗೆ.

ಕೆಲವು ವಾರಗಳಾದ ಮೇಲೆ ಶಾಸಕರು ಮಂತ್ರಿಗಳ ಉತ್ತರದ ಅಚ್ಚಿನ ಪ್ರತಿ ಕಳಿಸಿದರು. ಅದನ್ನು ಹಿಡಿದುಕೊಂಡು ಕಾಕಾನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತಿದ್ದ, ಮೊಂಡುಗೈಯನ್ನು ಟವೆಲಿನಿಂದ ಮುಚ್ಚಿಕೊಂಡು. ಮೊಮ್ಮಗಳು ಒಳಗಿನಿಂದ ನೀರು ತಂದಿಟ್ಟಳು. ಹೊಸ ಕಟ್ಟಡಕ್ಕೆ ಮಂಜೂರಾತಿ ಸಿಕ್ಕ ಸಾಲನ್ನು ಮೊದಲು ಓದಿದೆ.

"ಛಲೋ ಆತು," ಎಂದ. "ಉಳದದ್ದು?"

ಸದರಿ ಗೌಂಡಿ ಇಲಾಖೆಯ ಅನುಮತಿಯಿಲ್ಲದೆ ದುರಸ್ತಿಗೆ ಹೋಗಿದ್ದರೆಂದಿತ್ತು. ಅಧಿಕಾರಿ ಭೇಟಿ ಕೊಟ್ಟ ದಿನ ಕಟ್ಟಡ ಸುಸ್ಥಿತಿಯಲ್ಲಿತ್ತೆಂದಿತ್ತು. ಹೊಣೆಗಾರರು ಯಾರು ಎಂಬುದರ ಮುಂದೆ ಒಂದೇ ಪದ, ಉದ್ಭವಿಸುವುದಿಲ್ಲ.

"ಹಂಗಂದ್ರ?"

"ಆ ಪ್ರಶ್ನಿನ ಹುಟ್ಟೂದಿಲ್ಲ ಅಂತ, ಕಾಕಾ."

ಅವನು ಜಾರಿದ ಟವೆಲನ್ನು ಎಡಗೈಯಿಂದ ಸರಿಮಾಡಿಕೊಂಡ. ಆಮೇಲೆ, "ಮಾಸ್ತರ, ಅದಕ್ಕ ನೀವೇನ ಬರದಿದ್ರಿ?" ಎಂದು ಕೇಳಿದ.

"ನನ್ನ ಹೆಸರ ಬರದಿದ್ದೆ."

"ಅದರ ಕಾಗದ ಐತೇನ್ರಿ?"

ಕಚ್ಚಾ ಪ್ರತಿ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಅಂದಿನಿಂದ ಅದನ್ನು ಹೊರಗಿಟ್ಟಿರಲಿಲ್ಲ.

"ಹಂಗಾರ ಮಂತ್ರಿಗೋಳ ಉತ್ರ ಮಡಚಿ ಇಡ್ರಿ. ಪ್ರಶ್ನೆ ನಂದ ಇತ್ತು," ಎಂದ ಕಾಕಾ. "ನಿಮ್ಮ ಉತ್ರ ಓದ್ರಿ. ಕೇಳತೇನಿ."

ನಾನು ಎದ್ದು ನಿಂತೆ. ಕಣ್ಣು ಮಂಜಾಗಿ ನನ್ನ ಅಕ್ಷರ ನನಗೇ ಕಾಣದಾಯಿತು, ಬಾಯಿಪಾಠವಾಗಿತ್ತು, ಹಾಗೇ ಹೇಳಿದೆ: "ಆ ದಿನ ಆಸರೆಯ ಕಂಬಕ್ಕೆ ಬಾಳೆಕಂಬ ಕಟ್ಟಿಸಿದವನು ನಾನು. ಬೇಡವೆಂದವನು ಈ ಗೌಂಡಿ."