ಮೊದಲು ತಿಮಿಂಗಿಲ

ನನ್ನ ಭಾವ ಸಾಮಲ್ ಕೊಂದಷ್ಟು ತಿಮಿಂಗಿಲಗಳನ್ನು ನಮ್ಮ ಫಾರೋ ದ್ವೀಪಗಳಲ್ಲಿ ಕೊಂದವರು ಕಡಿಮೆ. ಹಿಂಡು ಕೊಲ್ಲಿಗೆ ಬಂತು ಎಂಬ ಕೂಗೆದ್ದರೆ ಸಾಕು, ಅರ್ಧ ಕ್ಷೌರದ ಮುಖದಲ್ಲೇ ಓಡಿಬಿಡುತ್ತಿದ್ದ. ಕೊರೆಯುವ ನೀರಿನಲ್ಲಿ ಸೊಂಟದವರೆಗೆ ಇಳಿದು, ತಿಮಿಂಗಿಲದ ನೆತ್ತಿಯ ಉಸಿರುಕಿಂಡಿಯಿಂದ ಒಂದು ಅಂಗೈಯಗಲ ಹಿಂದೆ ಈಟಿ ಇಟ್ಟು, ಒಂದೇ ಸಲ ಒತ್ತುತ್ತಿದ್ದ. ಬೆನ್ನುಹುರಿ ಕಡಿದುಹೋಗಿ ಅಲ್ಲಿಗೆ ಮುಗಿಯುತ್ತಿತ್ತು. ತಿಮಿಂಗಿಲವನ್ನು ದಡಕ್ಕೆಳೆಯುವ ಹಗ್ಗ ಹಿಡಿದು ಇಪ್ಪತ್ತಾರು ವರ್ಷ ಅವನ ಪಕ್ಕದಲ್ಲಿ ನಿಂತವನು ನಾನು. ಅವನು ಎರಡನೆಯ ಸಲ ಒತ್ತಿದ್ದನ್ನು ಒಮ್ಮೆಯೂ ನೋಡಿಲ್ಲ.

"ತಿನ್ನೋಕೆ ಕೊಲ್ತೀವಿ ಹಾನುಸ್, ಒಪ್ಕೊಂಡೆ. ಆದ್ರೆ ಅರ್ಧ ಕೊಂದು ಬಿಡೋನ್ನ ದೇವರೂ ಊಟಕ್ಕೆ ಕೂರಿಸಲ್ಲ" ಎಂದು ನನಗೆ ಹೇಳುತ್ತಿದ್ದ.

ಒಂದು ವರ್ಷ ಅಂಗಡಿಯ ಬಾರ್ದುರ್ ಹಿಂದಿನ ದಿನದ ಅಮಲಿನಲ್ಲೇ ನೀರಿಗಿಳಿದಿದ್ದ. ಪಕ್ಕದವನ ಜೊತೆ ಹರಟುತ್ತಾ ಮೂರು ಸಲ ತಪ್ಪು ಜಾಗಕ್ಕೆ ಚುಚ್ಚಿದ. ತಿಮಿಂಗಿಲ ಬಾಲ ಬಡಿದು ಒದ್ದಾಡಿತು, ನಮ್ಮೆಲ್ಲರ ಮುಖಕ್ಕೂ ಬಿಸಿ ರಕ್ತ ಎರಚಿತು. ಭಾವ ಅವನ ಕೈಯಿಂದ ಈಟಿ ಕಿತ್ತುಕೊಂಡು ಮೊದಲು ತಿಮಿಂಗಿಲವನ್ನು ಮುಗಿಸಿದ. ಈಟಿಯನ್ನು ನನ್ನ ಕೈಗಿಟ್ಟ. ಆಮೇಲೆ ತಿರುಗಿ ಬಾರ್ದುರನ ಬಾಯಿಗೆ ಗುದ್ದಿದ. ಎರಡು ಹಲ್ಲು ಕೆಂಪು ನೀರಿಗೆ ಬಿದ್ದವು. ದಡದಲ್ಲಿ ನಿಂತಿದ್ದ ನನ್ನ ಅಕ್ಕ ಮರ್ಯುನ್, ಅಂದರೆ ಅವನ ಹೆಂಡತಿ, "ಇನ್ಮೇಲೆ ಅವನ ಪಾಲಿನ ಮಾಂಸಾನೂ ನೀನೇ ಅಗಿದು ಕೊಡು" ಎಂದು ನಕ್ಕಳು.

ಆ ಅಕ್ಕನಿಗೇ ಐವತ್ತೆಂಟನೆಯ ವಯಸ್ಸಿಗೆ ಹೊಟ್ಟೆನೋವು ಹಿಡಿಯಿತು. ಕಣ್ಣು ಹಳದಿಯಾಯಿತು, ಸ್ಕರ್ಟು ಸೊಂಟದಲ್ಲಿ ನಿಲ್ಲದಾಯಿತು. ನಮ್ಮಲ್ಲಿಯ ಡಾಕ್ಟರು ಕೋಪನ್‌ಹೇಗನ್ನಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಅವರಿಬ್ಬರ ಜೊತೆ ನಾನೂ ವಿಮಾನ ಹತ್ತಿದೆ. ನಾಲ್ಕು ದಿನ ಅವಳನ್ನು ಚುಚ್ಚಿದರು, ಕೊಳವೆ ಇಳಿಸಿದರು, ಫೋಟೋ ತೆಗೆದರು.

ಐದನೆಯ ದಿನ ಡಾಕ್ಟರಿಗಾಗಿ ಕಾಯುತ್ತಾ ಕುಳಿತಿದ್ದೆವು. ನರ್ಸ್ ಒಬ್ಬಳು ಬಂದು ಅಕ್ಕನ ಮಡಿಲಿಗೆ ಒಂದು ಫಾರಂ ಹಾಕಿದಳು. "ವಿಗ್ ಬೇಕಾದ್ರೆ ಇದನ್ನ ತುಂಬಿ ಕೊಡಿ. ಬಣ್ಣ ನೀವೇ ಆರಿಸ್ಕೋಬಹುದು."

"ನಂಗ್ಯಾಕಮ್ಮ ವಿಗ್ಗು?" ಎಂದಳು ಅಕ್ಕ.

"ಅಯ್ಯೋ, ನಿಮಗಿನ್ನೂ ಹೇಳಿಲ್ವಾ?" ಎಂದವಳೇ ನರ್ಸ್ ಅಲ್ಲಿಂದ ಕಾಲ್ತೆಗೆದಳು.

ಇನ್ನು ಹೇಳುವುದಕ್ಕೆ ಏನು ಉಳಿದಿತ್ತು? ಅಕ್ಕ ಆ ಫಾರಮನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಭಾವನ ಕತ್ತಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು.

ಮುಕ್ಕಾಲು ಗಂಟೆಯ ಮೇಲೆ ಡಾಕ್ಟರು ಬಂದ. ಬಂದ ಎನ್ನುವುದೂ ತಪ್ಪು. ಬಾಗಿಲ ಹಿಡಿಯ ಮೇಲಿಟ್ಟ ಕೈಯನ್ನು ಅವನು ತೆಗೆಯಲೇ ಇಲ್ಲ. ಬಾಗಿಲು ತೆರೆದೇ ಇತ್ತು, ಹೊರಗೆ ಜನ ಓಡಾಡುತ್ತಿದ್ದರು. "ಪ್ಯಾಂಕ್ರಿಯಾಸ್‌ನಲ್ಲಿ ಕ್ಯಾನ್ಸರ್ ಇದೆ, ಆಪರೇಷನ್ ಆಗಲ್ಲ. ಅದು ಈಗಾಗ್ಲೇ..." ಎನ್ನುವಾಗ ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಎತ್ತಿದ. "ಹಾಂ, ಆರು ಗಂಟೆಗೆ. ಇಲ್ಲಪ್ಪ, ವೈನು ನಾನೇ ತರ್ತೀನಿ." ನಗುತ್ತಲೇ ಫೋನ್ ಇಟ್ಟ. "ಏನ್ ಹೇಳ್ತಿದ್ದೆ? ಹಾಂ, ಲಿವರು. ಲಿವರಿಗೂ ಹಬ್ಬಿದೆ."

ನಮ್ಮೂರಿನ ಬಂದರಿನಲ್ಲಿ ಮೀನು ತೂಗುವವನೂ ಎದುರಿಗಿರುವವರ ಮುಖ ನೋಡಿ ಮಾತಾಡುತ್ತಾನೆ.

"ಡಾಕ್ಟ್ರೇ, ಒಂದು ಮಾತು ಕೇಳ್ಬೇಕಿತ್ತು" ಎಂದು ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಭಾವ ಎದ್ದಾಗಿತ್ತು. ಮೊದಲನೆಯ ಏಟಿಗೇ ಡಾಕ್ಟರ ಮೂಗು ಲಟಕ್ಕೆಂದಿತು. ಕಾಲರ್ ಹಿಡಿದು ಅವನ ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಬಿಳಿ ಕೋಟು, ಬಿಳಿ ಗೋಡೆ, ಅಕ್ಕನ ಮಡಿಲಲ್ಲಿದ್ದ ಫಾರಂ, ಎಲ್ಲದರ ಮೇಲೂ ರಕ್ತ. ನಾನು ಹಿಂದಿನಿಂದ ತಬ್ಬಿ ಎಳೆದರೆ ನನ್ನನ್ನೇ ಒಗೆದ. ನಿಜ ಹೇಳುತ್ತೇನೆ, ನಾನು ಪೂರ್ತಿ ಬಲ ಹಾಕಿ ಎಳೆದಿರಲಿಲ್ಲ. ನನಗೂ ಅಷ್ಟೇ ಉರಿಯುತ್ತಿತ್ತು. ಕೊನೆಗೆ ನಾಲ್ಕು ಜನ ಬಂದು ಅವನನ್ನು ನೆಲಕ್ಕೆ ಕೆಡವಿದರು. ಪೊಲೀಸರು ಕೋಳ ತೊಡಿಸಿ ಕರೆದೊಯ್ದರು.

ಸಂಜೆ ಹೊತ್ತಿಗೆ ಕೇಸು ಬರೆದುಕೊಂಡು ಅವನನ್ನು ಬಿಟ್ಟರು. ಆಸ್ಪತ್ರೆಯ ಅಂಗಳಕ್ಕೂ ಕಾಲಿಡಕೂಡದೆಂದು ತಾಕೀತು. ರೋಗಿಗಳ ವಸತಿಗೃಹದ ನಮ್ಮ ಕೋಣೆಗೆ ಅವನು ಊದಿದ ಕೈಯೊಂದಿಗೆ ಬಂದ. ಹೆಂಡತಿ ಮೆಚ್ಚುತ್ತಾಳೆ ಎಂದುಕೊಂಡಿದ್ದನೋ ಏನೋ.

ಅಕ್ಕ ತಲೆಯೆತ್ತದೆ ಕೇಳಿದಳು. "ಬಾರ್ದುರ್ ನೆನಪಿದಾನಾ?"

"ಇದಾನೆ."

"ಅವತ್ತು ಮೊದಲು ಏನ್ಮಾಡ್ದೆ?"

ಭಾವ ಊದಿದ ಕೈಯನ್ನು ಜೇಬಿಗೆ ತುರುಕಿದ.

"ಮೊದಲು ತಿಮಿಂಗಿಲ ಮುಗಿಸ್ದೆ, ಆಮೇಲೆ ಅವನಿಗೆ ಹೊಡ್ದೆ. ಇವತ್ತು? ನರ್ಸು ಒಂದು ಚುಚ್ಚಿದ್ಲು, ಡಾಕ್ಟ್ರು ಎರಡು ಚುಚ್ಚಿದ. ನಾನು ಅಲ್ಲೇ ಒದ್ದಾಡ್ತಾ ಇದ್ದೆ ಸಾಮಲ್. ನನ್ನ ಹಂಗೇ ಬಿಟ್ಟು ನೀನು ನಿನ್ನ ಸಿಟ್ಟು ತೀರಿಸ್ಕೊಂಡೆ. ನಂಗೆ ಒಂದೇ ಒಂದು ಮಾತು ಕೇಳೋದಿತ್ತು. ಔಷಧಿ ತಗೊಂಡ್ರೆ ಎಷ್ಟು ದಿನ, ಬಿಟ್ರೆ ಎಷ್ಟು ದಿನ? ದಿನ ಕಮ್ಮಿ ಇದ್ರೆ ನಾನು ನನ್ನ ಅಡುಗೆಮನೇಲಿ ಸಾಯ್ಬೇಕು, ಈ ಸುಡುಗಾಡಲ್ಲಲ್ಲ. ಈಗ ಯಾರ್ನ ಕೇಳ್ಲಿ? ಮೂಗು ಮುರಿದವನ್ನ ಕೇಳ್ಲಾ?"

ಭಾವನ ಮುಖ ಬಿಳಿಚಿಕೊಂಡಿತು. ಅಷ್ಟು ವರ್ಷಗಳಲ್ಲಿ ಅವನಿಗೆ ನಿಜವಾದ ಪೆಟ್ಟು ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಏಳಕ್ಕೇ ನಾನೂ ಭಾವನೂ ಆಸ್ಪತ್ರೆಯ ಗೇಟಿನಾಚೆ ರಸ್ತೆಬದಿಯಲ್ಲಿ ನಿಂತೆವು. ಹಿಮಬೆರೆತ ಮಳೆ ಹೊಡೆಯುತ್ತಿತ್ತು. "ನನ್ನ ಬಲಗೈ ಹಿಡ್ಕೋ ಹಾನುಸ್, ಬಿಡ್ಬೇಡ" ಎಂದ. ಹಿಡಿದುಕೊಂಡೆ. ಎಂಟಕ್ಕೆ ಡಾಕ್ಟರು ಸೈಕಲ್ಲಿನಲ್ಲಿ ಬಂದ. ಮೂಗಿಗೆ ಪಟ್ಟಿ, ಎರಡೂ ಕಣ್ಣಿನ ಕೆಳಗೆ ಕಪ್ಪು. ನಮ್ಮನ್ನು ಕಂಡವನೇ ಗಕ್ಕನೆ ನಿಂತು ಸೈಕಲ್ಲನ್ನು ನಡುವೆ ಅಡ್ಡ ಹಿಡಿದ. "ಪೊಲೀಸ್ ಕರೀತೀನಿ!"

"ಕರಿ. ಮೊದಲು ನನ್ನ ಹೆಂಡ್ತಿ ಮಾತಿಗೆ ಉತ್ತರ ಕೊಡು" ಎಂದ ಭಾವ. ಅವಳು ಕೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ.

ಡಾಕ್ಟರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಆಮೇಲೆ ಫೋನ್ ತೆಗೆದ. ಪೊಲೀಸರಿಗೇ ಎಂದುಕೊಂಡೆ. ಅದನ್ನು ಆರಿಸಿ ಜೇಬಿಗೆ ಹಾಕಿದ. "ಔಷಧಿ ತಗೊಂಡ್ರೆ ನಾಲ್ಕು ತಿಂಗಳು. ಅದ್ರಲ್ಲಿ ಅರ್ಧ ಇಲ್ಲೇ, ಹಾಸಿಗೇಲಿ. ಬಿಟ್ರೆ ಆರು ವಾರ, ಹೆಚ್ಚಂದ್ರೆ ಎಂಟು. ನೋವಿಗೆ ಮಾರ್ಫಿನ್ ಬರ್ಕೊಡ್ತೀನಿ, ಮನೇಲೇ ಕೊಡ್ಬಹುದು." ಮೂಗಿನ ಪಟ್ಟಿ ಮುಟ್ಟಿಕೊಂಡು ಮತ್ತೆ ಹೇಳಿದ. "ನಿನ್ನೆ ನಾನು ಕೂತ್ಕೊಂಡು ಹೇಳ್ಬೇಕಿತ್ತು."

"ಹೌದು, ಹೇಳ್ಬೇಕಿತ್ತು" ಎಂದ ಭಾವ. ಕ್ಷಮೆ ಕೇಳಲಿಲ್ಲ. ನಾನೂ ಕೇಳು ಎನ್ನಲಿಲ್ಲ.

ಕೋಣೆಗೆ ಬಂದವನೇ ಭಾವ ಬಾಗಿಲು ಹಾಕಿ ಚಿಲಕ ಸರಿಸಿದ. ಟೀವಿ ಆರಿಸಿದ. ಕುರ್ಚಿಯನ್ನು ಅಕ್ಕನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದು ಕುಳಿತು, ಅವಳ ಎರಡೂ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ.

"ಔಷಧಿ ತಗೊಂಡ್ರೆ ನಾಲ್ಕು ತಿಂಗಳು, ಅರ್ಧ ಇಲ್ಲೇ. ಬಿಟ್ರೆ ಆರು ವಾರ, ಹೆಚ್ಚಂದ್ರೆ ಎಂಟು, ನಮ್ಮನೇಲಿ. ವಾಸಿಯಾಗಲ್ಲ ಮರ್ಯುನ್."

ಅವನ ದನಿ ನಡುಗಲಿಲ್ಲ. ಅಕ್ಕನ ಭುಜಗಳು ಸಡಿಲಾದವು.

"ಮನೆಗೆ ಹೋಗೋಣ" ಎಂದಳು. "ಮುಗೀತಾ? ಇನ್ನೇನೂ ಮುಚ್ಚಿಟ್ಟಿಲ್ವಲ್ಲ?"

"ಮುಗೀತು."

ಅಕ್ಕ ಅವನ ಹಿಡಿತದಿಂದ ಬಲಗೈ ಬಿಡಿಸಿಕೊಂಡಳು. ಉಳಿದಿದ್ದ ಬಲವನ್ನೆಲ್ಲ ಒಗ್ಗೂಡಿಸಿ ಅವನ ಕೆನ್ನೆಗೆ ಫಟಾರನೆ ಬಾರಿಸಿದಳು. ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

"ಇದು ನಿನ್ನೆ ಮಾಡಿದ್ದಕ್ಕೆ" ಎಂದಳು.

ನಾನು ಟಿಕೆಟ್ ಮಾಡಿಸಲು ಹೊರಟೆ.